ಕಾಫಿ ಮನೆಯಲ್ಲಿ ಪರಿಮಳದ ಟೀ: ನೀವು ಕುಡಿದದ್ದರಲ್ಲಿ ಯಾವುದು ಹಿಡಿಸಿತು?

ವಿಜಯನಗರದಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮದು ಹಿಂದಿನಿಂದಲೂ ಫಿಲ್ಟರ್ ಕಾಫಿ ಮನೆ. ನನಗೆ ದಿನಕ್ಕೆ ನಾಲ್ಕು ಲೋಟ ಆಗ್ತಿತ್ತು. ಹೊಟ್ಟೆ ಉರಿ ಶುರುವಾದ ಮೇಲೆ ಡಾಕ್ಟರು ಎರಡಕ್ಕೆ ಇಳಿಸಿ ಅಂದಿದ್ದಾರೆ. ಉಳಿದೆರಡು ಹೊತ್ತಿಗೆ ಫ್ಲೇವರ್ಡ್ ಟೀ ಅಭ್ಯಾಸ ಮಾಡಿಕೊಳ್ಳೋಣ ಅಂತ ಆಸೆ. ಗೃಹಪ್ರವೇಶಕ್ಕೆ ಬಂದವರು ಕೊಟ್ಟ ಒಂದು ಡಬ್ಬ ಇದೆ. ಅರ್ಲ್ ಗ್ರೇ, ಮಲ್ಲಿಗೆ, ಕಹ್ವಾ, ಕ್ಯಾಮೊಮೈಲ್, ದಾಸವಾಳ, ನಿಂಬೆ-ಜೇನು, ಹೀಗೆ ಆರು ಬಗೆ. ಎರಡು ಕುಡಿದು ನೋಡಿದೆ. ಮಲ್ಲಿಗೆಯದು ಕಹಿ, ಅರ್ಲ್ ಗ್ರೇ ಬರೀ ಬಣ್ಣದ ನೀರು. ಡಬ್ಬ ಹಾಗೇ ಎತ್ತಿಟ್ಟಿದ್ದೀನಿ. ಮನೆಯಲ್ಲಿ ಮಾಡಿ ಕುಡಿದು ನೋಡಿದವರು ನಿಮ್ಮ ಅನುಭವ ಹೇಳಿ. ಅತ್ತೆಯವರಿಗೂ ಹಿಡಿಸುವಂಥದ್ದು ಇದ್ದರೆ ಇನ್ನೂ ಒಳ್ಳೇದು.

ಬನಶಂಕರಿ 3ನೇ ಹಂತದಿಂದ

ಅಕ್ಕ, ಡಬ್ಬವನ್ನು ಯಾರಿಗೂ ಕೊಟ್ಟುಬಿಡಬೇಡಿ. ಮೊದಲು ಒಂದು ಪ್ರಶ್ನೆ: ಟೀ ಮಾಡಿದ್ದು ಯಾವ ನೀರಲ್ಲಿ?

ಎರಡು ವರ್ಷದಿಂದ ನಾನು, ಅಮ್ಮ, ನನ್ನ ಮಗಳು ಮೂವರೂ ಭಾನುವಾರ ಸಂಜೆ ಒಂದೊಂದು ಬಗೆ ಮಾಡಿ ಕುಡಿಯುತ್ತಾ ಬಂದಿದ್ದೇವೆ. ಶುರುವಿನಲ್ಲಿ ನನಗೂ ನಿಮ್ಮ ಹಾಗೇ ಆಗಿತ್ತು. ನಮ್ಮ ಅಪಾರ್ಟ್‌ಮೆಂಟಿನ ನಲ್ಲಿಯಲ್ಲಿ ಬರೋದು ಬೋರ್‌ವೆಲ್ ನೀರು, ಬೇಸಿಗೆಯಲ್ಲಿ ಅದಕ್ಕೆ ಟ್ಯಾಂಕರ್ ನೀರೂ ಸೇರುತ್ತೆ. ಅದರಲ್ಲಿ ಅರ್ಲ್ ಗ್ರೇ ಮಾಡಿದರೆ ಬಿಳಿ ಕಪ್ಪಿನಲ್ಲಿ ಕೆಸರಿನ ಬಣ್ಣ. ಎರಡು ನಿಮಿಷ ಬಿಟ್ಟರೆ ಮೇಲೆ ತೆಳ್ಳಗೆ ಒಂದು ಪೊರೆ ಕಟ್ಟುತ್ತಿತ್ತು. ಚಮಚ ತಾಗಿಸಿದರೆ ಆ ಪೊರೆ ಒಡೆದು ತುಂಡು ತುಂಡಾಗಿ ಕಪ್ಪಿನ ಅಂಚಿಗೆ ಹೋಗಿ ಅಂಟಿಕೊಳ್ಳೋದು. ವಾಸನೆ ಅನ್ನೋದೇ ಇಲ್ಲ. ಡಬ್ಬ ಹಳೇದಿರಬೇಕು ಅಂದುಕೊಂಡೆ. ಒಂದಿನ ಅದೇ ಡಬ್ಬ ಬಸವನಗುಡಿಯ ಅಮ್ಮನ ಮನೆಗೆ ಒಯ್ದೆ. ಅಲ್ಲಿ ಕಾವೇರಿ ನೀರು. ಅದೇ ಸೊಪ್ಪು, ಅದೇ ಅಳತೆ, ಆದರೆ ಕಪ್ಪಿನ ತಳ ಕಾಣುವಷ್ಟು ತಿಳಿ, ಜೇನಿನಂಥ ಕೆಂಪು. ನೀರು ಹೊಯ್ಯುವಾಗಲೇ ಘಮ ಮುಖಕ್ಕೆ ಬಂತು. ಪೊರೆಯ ಸುಳಿವೇ ಇಲ್ಲ.

ಗಡಸು ನೀರಿನಲ್ಲಿರುವ ಸುಣ್ಣದಂಶ ಟೀಯ ಒಗರಿನ ಅಂಶಗಳ ಜೊತೆ ಸೇರಿ ಆ ಪೊರೆ ಕಟ್ಟುತ್ತೆ, ನಯವಾದ ಪರಿಮಳ ಏಳೋಕೇ ಬಿಡಲ್ಲ. ಹಾಲು, ಸಕ್ಕರೆ, ಶುಂಠಿ ಹಾಕಿ ಕುದಿಸುವ ಟೀಯಲ್ಲಿ ಈ ದೋಷ ಮುಚ್ಚಿಹೋಗುತ್ತೆ. ಬರೀ ನೀರಿನ ಟೀಯಲ್ಲಿ ಮುಚ್ಚೋಕೆ ಏನೂ ಇಲ್ಲವಲ್ಲ. ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಪಂಪಾಗಿ ಬರುವ ಕಾವೇರಿ ನೀರು ನಿಮ್ಮ ಮನೆಗೆ ಬರುತ್ತಿದ್ದರೆ, ಬಂದ ದಿನ ಒಂದು ಕೊಡ ಬೇರೆ ಹಿಡಿದಿಟ್ಟುಕೊಳ್ಳಿ. ಸಂಪಿನಲ್ಲಿ ಬೋರ್ ನೀರಿನ ಜೊತೆ ಬೆರೆತದ್ದು ಬೇಡ. ಆರ್‌ಒ ನೀರೂ ಆಗುತ್ತೆ, ಸ್ವಲ್ಪ ಸಪ್ಪೆ ಅನ್ನಿಸಿತು ನನಗೆ, ಆದರೂ ಬೋರ್‌ಗಿಂತ ಎಷ್ಟೋ ವಾಸಿ.

ಇನ್ನು ನಿಮ್ಮ ಮಲ್ಲಿಗೆ ಕಹಿಯಾದದ್ದು ಬೇರೆ ಕಾರಣಕ್ಕೆ ಇರಬೇಕು. ಅದರ ಬುಡ ಗ್ರೀನ್ ಟೀ. ಕುದಿಯುವ ನೀರು ಬಿದ್ದರೆ ಅದು ಕಹಿ ಬಿಟ್ಟುಕೊಳ್ಳುತ್ತೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರ ಇರೋದ್ರಿಂದ ನಮ್ಮಲ್ಲಿ ನೀರು 97 ಡಿಗ್ರಿ ಹತ್ತಿರವೇ ಕುದಿಯುತ್ತೆ. ಆದರೂ ಗ್ರೀನ್ ಟೀಗೆ ಅದು ಜಾಸ್ತಿನೇ, 75ರಿಂದ 80 ಸಾಕು. ಒಲೆ ಆರಿಸಿ, ಮುಚ್ಚಳ ತೆಗೆದು ನಾಲ್ಕೈದು ನಿಮಿಷ ಬಿಡಿ. ನಾನು ಕಾಫಿ ಆರಿಸೋ ಹಾಗೆ ಲೋಟದಿಂದ ಬಟ್ಟಲಿಗೆ ಎತ್ತಿ ಹೊಯ್ತೀನಿ, ಬೇಗ ಆಗುತ್ತೆ. ಆಮೇಲೆ ಸೊಪ್ಪು ಹಾಕಿ ಬರೀ ಎರಡು ನಿಮಿಷ. ಡಿಕಾಕ್ಷನ್ ನಿಧಾನಕ್ಕೆ ಇಳೀಲಿ ಅಂತ ಬಿಟ್ಟು ಬೇರೆ ಕೆಲಸಕ್ಕೆ ಹೋಗೋ ಅಭ್ಯಾಸ ನಮಗೆಲ್ಲ ಇದೆ. ಟೀಗೆ ಅದು ನಡೆಯಲ್ಲ. ಅರ್ಲ್ ಗ್ರೇಯಂಥ ಕಪ್ಪು ಟೀಗೆ ಮಾತ್ರ ಕೊತಕೊತ ಕುದಿಯುವ ನೀರೇ ಬೇಕು, ಮೂರು ನಿಮಿಷ. ಒಂದು ಕಪ್ಪಿಗೆ ಒಂದು ಚಮಚ ಸೊಪ್ಪು.

ನಮಗೆ ಅನ್ನಿಸಿದ್ದು ಹೇಳ್ತೀನಿ.

ಅರ್ಲ್ ಗ್ರೇಗೆ ಸೇರಿಸೋದು ಬರ್ಗಮಾಟ್ ಅನ್ನೋ ಹಣ್ಣಿನ ಸಿಪ್ಪೆಯ ಎಣ್ಣೆ. ಇಟಲಿಯ ಕಲಾಬ್ರಿಯಾದಲ್ಲಿ ಹೆಚ್ಚು ಬೆಳೀತಾರಂತೆ. ನಮಗೆ ಆ ಹಣ್ಣು ಗೊತ್ತಿಲ್ಲದಿದ್ದರೂ ವಾಸನೆ ಗೊತ್ತು. ಹೇರಳೆಕಾಯಿ ಸಿಪ್ಪೆಯನ್ನು ಉಗುರಲ್ಲಿ ಗೀರಿದಾಗ ಮೂಗಿಗೆ ಹೊಡೆಯುತ್ತಲ್ಲ, ಅದರ ತಂಗಿ ಅಂದುಕೊಳ್ಳಿ. ಕಾಫಿ ಕುಡಿಯುವವರಿಗೆ ಮೊದಲು ಕೊಡಬೇಕಾದ್ದು ಇದೇ ಅಂತ ನನ್ನ ಅಭಿಪ್ರಾಯ, ಯಾಕಂದ್ರೆ ಇದರಲ್ಲಿ ಕಸುವಿದೆ. ಒಂದು ಚಮಚ ಹಾಲು ಬಿಟ್ಟರೂ ಕೆಡಲ್ಲ.

ಮಲ್ಲಿಗೆ ಟೀ ನನಗೆ ಎಲ್ಲಕ್ಕಿಂತ ಪ್ರಿಯ. ಚೀನಾದ ಫೂಜಿಯಾನ್ ಪ್ರಾಂತ್ಯದಲ್ಲಿ ಅದನ್ನು ಮಾಡೋ ಕ್ರಮ ಓದಿದ ಮೇಲೆ ಇನ್ನೂ ಪ್ರಿಯವಾಯ್ತು. ಮಲ್ಲಿಗೆ ಅರಳೋದು ರಾತ್ರಿ. ಅದಕ್ಕೇ ಹಗಲು ಮೊಗ್ಗು ಬಿಡಿಸಿ, ರಾತ್ರಿ ಟೀ ಸೊಪ್ಪಿನ ಜೊತೆ ಬೆರೆಸಿ ಇಡ್ತಾರೆ. ಹೂ ಬಿರಿಯುತ್ತಾ ಬಿಡುವ ಘಮವನ್ನು ಸೊಪ್ಪು ಹೀರಿಕೊಳ್ಳುತ್ತೆ. ಬೆಳಗ್ಗೆ ಹೂ ತೆಗೆದು, ಸೊಪ್ಪು ಒಣಗಿಸಿ, ಮತ್ತೆ ಹೊಸ ಹೂ. ಒಳ್ಳೆಯ ಟೀಗೆ ಹೀಗೆ ಹಲವು ರಾತ್ರಿ.

ಇದನ್ನು ಅಮ್ಮನಿಗೆ ಹೇಳಿದ್ದೇ ತಡ, ಮಾಡೇ ನೋಡೋಣ ಅಂದರು. ಹಿತ್ತಲಿನ ದುಂಡು ಮಲ್ಲಿಗೆ ಗಿಡದಿಂದ ಸಂಜೆ ಐದಕ್ಕೆ ಎರಡು ಹಿಡಿ ಮೊಗ್ಗು ಬಿಡಿಸಿದ್ವಿ. 50 ಗ್ರಾಂ ಸಾದಾ ಗ್ರೀನ್ ಟೀ, ಸ್ಟೀಲ್ ಡಬ್ಬ, ಒಂದು ಪದರ ಸೊಪ್ಪು, ಒಂದು ಪದರ ಮೊಗ್ಗು. ಬೆಳಗ್ಗೆ ಮುಚ್ಚಳ ತೆಗೆದಾಗ ಮೊಗ್ಗೆಲ್ಲ ಬಿರಿದು, ಬಾಡಿ, ಅಂಚು ಕಂದಿತ್ತು. ಸೊಪ್ಪು ಕೈಗೆ ತೇವ ತೇವ. ಹೂ ಆರಿಸಿ ತೆಗೆದು, ಬಿಳಿ ಪಂಚೆ ಮೇಲೆ ನೆರಳಲ್ಲಿ ಒಣಗಿಸಿದ್ವಿ. ಮೊದಲ ದಿನ ಘಮ ಇತ್ತು ಅನ್ನಬಹುದು ಅಷ್ಟೆ. ಮೂರನೇ ರಾತ್ರಿ ಆದ ಮೇಲೆ ಕುಡಿದದ್ದಿದೆಯಲ್ಲ, ಅದನ್ನು ಅಮ್ಮ ಕಣ್ಣು ಮುಚ್ಚಿಕೊಂಡೇ ಕುಡಿದರು. ಗಾಂಧಿಬಜಾರಿನಿಂದ ತಂದ ಹೂ ಮಾತ್ರ ಬಳಸಬೇಡಿ. ಮುಡಿಯೋಕೆ, ಪೂಜೆಗೆ ಅಂತ ಬೆಳೆದ ಹೂವಿಗೆ ಔಷಧಿ ಹೊಡೆದಿರಬಹುದು.

ಕಹ್ವಾ ನಿಮ್ಮ ಅತ್ತೆಯವರಿಗೆ. ಕಾಶ್ಮೀರದವರ ಗ್ರೀನ್ ಟೀ ಅದು, ಏಲಕ್ಕಿ, ಚಕ್ಕೆ, ಕೇಸರಿ, ಮೇಲೆ ಬಾದಾಮಿ ಚೂರು. ಪಾಯಸದ ದಿನ ಅಡುಗೆಮನೆ ಹೇಗೆ ಘಮಘಮ ಅನ್ನುತ್ತೋ ಹಾಗೆ.

ಕ್ಯಾಮೊಮೈಲ್ ನನಗೆ ಒಗ್ಗಲಿಲ್ಲ, ಒಣಹುಲ್ಲಿನ ವಾಸನೆ. ಅದು ಟೀ ಗಿಡದ್ದೇ ಅಲ್ಲ, ನಮ್ಮ ಸೇವಂತಿಗೆಯ ಕುಟುಂಬದ ಹೂ. ಕೆಫೀನ್ ಇಲ್ಲ, ಹಾಗಾಗಿ ಮಗಳು ರಾತ್ರಿ ಜೇನು ಹಾಕಿಕೊಂಡು ಕುಡೀತಾಳೆ. ನಿಂಬೆ-ಜೇನು ಬ್ಯಾಗಿನ ಬಗ್ಗೆ ನೇರವಾಗೇ ಹೇಳ್ತೀನಿ: ನಾವು ಕುಡಿದದ್ದರಲ್ಲಿ ನಿಂಬೆ ಇದ್ದದ್ದು ಮೂಗಿಗೆ ಮಾತ್ರ, ನಾಲಿಗೆಗೆ ಏನೂ ಸಿಗಲಿಲ್ಲ. ಸಾದಾ ಟೀಗೆ ಅರ್ಧ ಹೋಳು ನಿಂಬೆ ಹಿಂಡಿ ಜೇನು ಬೆರೆಸಿದರೆ ಅದಕ್ಕಿಂತ ಎಷ್ಟೋ ಚೆನ್ನ.

ನಿಮ್ಮ ಡಬ್ಬದಲ್ಲಿಲ್ಲದ ಇನ್ನೊಂದು, ಲ್ಯಾಪ್‌ಸಾಂಗ್ ಸೂಚಾಂಗ್. ಪೈನ್ ಕಟ್ಟಿಗೆಯ ಹೊಗೆಯಲ್ಲಿ ಒಣಗಿಸಿದ ಕಪ್ಪು ಟೀ. ಡಬ್ಬ ತೆಗೆದ ಕೂಡಲೇ ಮಗಳು ಮೂಗು ಮುಚ್ಚಿಕೊಂಡಳು. ತೀರ್ಥಹಳ್ಳಿ ಕಡೆಯಿಂದ ಬಂದ ನಮ್ಮ ಮಾವನವರು ಮಾತ್ರ ಒಂದು ಗುಟುಕು ಕುಡಿದು, "ಇದು ನಮ್ಮೂರ ಬಚ್ಚಲೊಲೆ ಹೊಗೆ ಕಣಮ್ಮ" ಅಂದು ಇನ್ನೊಂದು ಕಪ್ ಕೇಳಿದರು.

ಮತ್ತಿಕೆರೆಯಿಂದ

ಮೇಲೆ ಬರೆದವರು ಹೇಳಿದ್ದು ಸರಿ, ಆದರೆ ಹಾಲಿಲ್ಲದೆ ಗಂಟಲಲ್ಲಿ ಇಳಿಯಲ್ಲ ಅನ್ನೋರ ಕಥೆ ಏನು? ನಾನು ಆ ಪೈಕಿ. ಹಾಲಿಗೆ ಸಿಟಿಸಿ ಟೀಪುಡಿನೇ ಆಗಬೇಕು, ಆ ಗುಂಡುಗುಂಡು ಕಾಳಿನದು. ಹಾಲಿನ ಜೊತೆ ಅದರ ಕಡಕ್ ನಿಲ್ಲುತ್ತೆ. ಪರಿಮಳಕ್ಕೆ ನಾನು ಹಾಕೋದು ಮಜ್ಜಿಗೆ ಹುಲ್ಲು. ತಾರಸಿ ಮೇಲೆ ಕುಂಡದಲ್ಲಿ ಒಂದು ಬುಡ ನೆಟ್ಟಿದ್ದೆ, ಈಗ ಬೀದಿಗೆಲ್ಲ ಹಂಚುವಷ್ಟಾಗಿದೆ. ಎರಡು ಗರಿ ಗಂಟು ಕಟ್ಟಿ ನೀರಲ್ಲೇ ಕುದಿಸಿ, ಆಮೇಲೆ ಪುಡಿ, ಕೊನೆಗೆ ಹಾಲು.

ಶುಂಠಿ ಹಾಕಿದಾಗ ಹಾಲು ಒಡೆಯುತ್ತೆ ಅಂತ ನನ್ನ ತಂಗಿ ಶುಂಠಿ ಟೀನೇ ಬಿಟ್ಟಿದ್ದಳು. ಹಸಿ ಶುಂಠಿಯಲ್ಲಿ ಹಾಲನ್ನು ಒಡೆಸುವ ಒಂದು ಕಿಣ್ವ ಇದೆ, ಚೆನ್ನಾಗಿ ಕುದಿಸಿದರೆ ಅದು ಸಾಯುತ್ತೆ. ಜಜ್ಜಿದ ಶುಂಠಿಯನ್ನು ಮೊದಲು ನೀರಲ್ಲಿ ಮೂರು ನಾಲ್ಕು ನಿಮಿಷ ಕುದಿಸಿ ಆಮೇಲೆ ಹಾಲು ಹಾಕು ಅಂದೆ. ಅವತ್ತಿಂದ ಒಂದು ದಿನವೂ ಒಡೆದಿಲ್ಲ. ಏಲಕ್ಕಿ ಮಾತ್ರ ಇಳಿಸೋ ಹೊತ್ತಿಗೆ ಕುಟ್ಟಿ ಹಾಕಿ ಮುಚ್ಚಿ, ಮೊದಲೇ ಹಾಕಿದರೆ ಘಮ ಹಾರಿಹೋಗುತ್ತೆ.

ರಾಜಾಜಿನಗರದಿಂದ

ನಾವು ಧಾರವಾಡದ ಕಡೆಯವರು ರೀ, ಬೆಂಗಳೂರಿಗೆ ಬಂದು ಹದಿನೈದು ವರ್ಷ ಆತು. ಚಾ ಕುಡಿಯೋ ಮಂದಿ. ನಿಮ್ಮ ಡಬ್ಬದಾಗಿನ ದಾಸವಾಳದ ಟೀ ನೋಡಿ ಮನಿ ಅಂಗಳದ ಕೆಂಪು ದಾಸವಾಳ ಅನ್ಕೋಬ್ಯಾಡ್ರಿ. ಹೆಚ್ಚಾಗಿ ಅದು ನಮ್ಮ ಪುಂಡಿ ಜಾತಿ. ಯಾವ ಪುಂಡಿ ಸೊಪ್ಪಿನ ಪಲ್ಯ ಜೋಳದ ರೊಟ್ಟಿ ಜೋಡಿ ತಿಂತೀವಿ, ಅದರ ಹೂವಿನ ಬುಡದಾಗಿನ ದಪ್ಪ ಕೆಂಪು ಪಕಳಿ ಒಣಗಿಸಿದ್ದು. ನಾ ಮೊದಲ ಸಲ ಕುಡಿದಾಗ ಹುಳಿ ನಾಲಿಗಿಗೆ ತಾಗಿದ ಕೂಡ್ಲೆ ಅವ್ವನ ಪುಂಡಿ ಪಲ್ಯ ನೆನಪಾತು, ಕಣ್ಣಾಗ ನೀರು ಬಂತು ನೋಡ್ರಿ.

ಇದಕ್ಕ ಹಾಲು ಮಾತ್ರ ಹಾಕಬ್ಯಾಡ್ರಿ, ಹುಳಿಗೆ ಒಡೀತದ. ನಿಮಗ ಹೊಟ್ಟಿ ಉರಿ ಅಂದ್ರಿ, ಹಂಗಾರ ಇದು ನಿಮಗ ಸದ್ಯಕ್ಕ ಬ್ಯಾಡ ಅಂತೀನಿ. ಮನ್ಯಾಗ ಹುಡುಗರಿದ್ರ ಬೆಲ್ಲ ಹಾಕಿ, ತಣ್ಣಗ ಮಾಡಿ ಕೊಡ್ರಿ. ನಮ್ಮ ಹುಡುಗರಿಗೆ ಶಂಖಪುಷ್ಪದ್ದೂ ಭಾಳ ಇಷ್ಟ. ರುಚಿ ಏನೂ ದೊಡ್ಡದಿಲ್ಲ, ಖರೇನ ಹೇಳ್ತೀನಿ. ಆದ್ರ ಆ ನೀಲಿ ನೀರಿಗೆ ನಾಲ್ಕು ಹನಿ ನಿಂಬಿ ಹಿಂಡಿದ್ರ ಕಣ್ಣೆದುರಿಗೇ ನೇರಳೆ ಆಗ್ತದ. ಸಣ್ಣಾಂವ ದಿನಾ ತಾನೇ ಹಿಂಡ್ತೀನಿ ಅಂತಾನ.

ಜೆ.ಪಿ. ನಗರದಿಂದ

ಎರಡು ಮಾತು, ನನಗೆ ಆದದ್ದರಿಂದ ಹೇಳ್ತಿದ್ದೀನಿ. ನನಗೆ ರಕ್ತ ಕಡಿಮೆ ಇತ್ತು, ಕಬ್ಬಿಣದ ಮಾತ್ರೆ ತಗೋತಿದ್ದೆ. ಊಟ ಆದ ಕೂಡಲೇ ಗ್ರೀನ್ ಟೀ ಕುಡಿಯೋ ಅಭ್ಯಾಸ. ಟೀಯಲ್ಲಿರುವ ಟ್ಯಾನಿನ್‌ನಂಥ ಅಂಶಗಳು ಊಟದ ಕಬ್ಬಿಣ ಮೈಗೆ ಹತ್ತದ ಹಾಗೆ ತಡೀತವೆ ಅಂತ ಡಾಕ್ಟರು ಹೇಳಿದ ಮೇಲೆ ಊಟಕ್ಕೂ ಟೀಗೂ ಒಂದು ಗಂಟೆಗೂ ಹೆಚ್ಚು ಅಂತರ ಇಟ್ಟಿದ್ದೀನಿ. ಮತ್ತೆ ಅಕ್ಕ, ಮಲ್ಲಿಗೆ, ಕಹ್ವಾ, ಅರ್ಲ್ ಗ್ರೇ ಮೂರರಲ್ಲೂ ಕೆಫೀನ್ ಇದೆ, ಕಾಫಿಗಿಂತ ಕಡಿಮೆ ಅಷ್ಟೆ. ಹೊಟ್ಟೆ ಉರಿ ಇದ್ದರೆ ಡಾಕ್ಟರನ್ನು ಒಂದು ಮಾತು ಕೇಳಿ, ಖಾಲಿ ಹೊಟ್ಟೆಯಲ್ಲಂತೂ ಬೇಡ. ಪೂರ್ತಿ ಬೇಡ ಅಂದರೆ ನಮ್ಮ ಧನಿಯಾ-ಜೀರಿಗೆ ಕಷಾಯ ಇದ್ದೇ ಇದೆಯಲ್ಲ.

ಇಡೋ ಜಾಗವೂ ನೋಡಿಕೊಳ್ಳಿ. ನಾನು ಸಾರಿನ ಪುಡಿ ಡಬ್ಬದ ಪಕ್ಕ ಸಡಿಲ ಮುಚ್ಚಳದ ಡಬ್ಬದಲ್ಲಿ ಟೀ ಇಟ್ಟಿದ್ದೆ. ತಿಂಗಳಾಗೋ ಹೊತ್ತಿಗೆ ಟೀಯಲ್ಲೂ ಇಂಗಿನ ವಾಸನೆ. ಮಲ್ಲಿಗೆಯ ಘಮ ಹೀರೋ ಸೊಪ್ಪು ಇಂಗನ್ನೂ ಹೀರುತ್ತೆ. 50 ಗ್ರಾಂ ಮಾತ್ರ ತನ್ನಿ, ಮುಗಿದ ಮೇಲೆ ಮುಂದಿನದು.

ಪ್ರಶ್ನೆ ಕೇಳಿದವರಿಂದ, ಹತ್ತು ದಿನದ ನಂತರ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಡಾಕ್ಟರನ್ನು ಕೇಳಿದೆ, ತಿಂಡಿಯ ಜೊತೆಗೆ ತೆಳ್ಳಗೆ ಒಂದು ಕಪ್ ಪರವಾಗಿಲ್ಲ ಅಂದರು. ನಮ್ಮ ಸಂಪಿನಲ್ಲಿ ಎರಡೂ ನೀರು ಬೆರೆಯುತ್ತಿತ್ತು, ಗಮನವೇ ಇರಲಿಲ್ಲ. ಮೊನ್ನೆ ಕಾವೇರಿ ಬಂದಾಗ ಗೇಟಿನ ಹತ್ತಿರದ ನಲ್ಲಿಯಿಂದಲೇ ಒಂದು ತಂಬಿಗೆ ಹಿಡಿದೆ. ಅರ್ಲ್ ಗ್ರೇ, ಕುದಿಯುವ ನೀರು, ಗಡಿಯಾರ ನೋಡಿಕೊಂಡು ಮೂರು ನಿಮಿಷ. ಕಪ್ಪು ಇನ್ನೂ ಕಟ್ಟೆ ಮೇಲಿತ್ತು, ಹಾಲ್‌ನಲ್ಲಿ ಬತ್ತಿ ಹೊಸೆಯುತ್ತಿದ್ದ ಅತ್ತೆ ಅಲ್ಲಿಂದಲೇ ಕೂಗಿದರು: "ಹೇರಳೆಕಾಯಿ ಹೆಚ್ಚಿದ್ಯೇನೇ?"

ಕಹ್ವಾ ಅವರಿಗೆ ಹಿಡಿಸಿದೆ, ಬಾದಾಮಿ ಜಾಸ್ತಿ ಹಾಕು ಅಂತಾರೆ. ಮಲ್ಲಿಗೆಯನ್ನು ಲೋಟದಿಂದ ಬಟ್ಟಲಿಗೆ ಮೂರು ಸಲ ಹೊಯ್ದ ನೀರಲ್ಲಿ ಮಾಡಿದೆ, ಕಹಿ ಹೋಗಿದೆ. ನಮ್ಮ ಮನೆ ಮುಂದೆ ಒಂದು ಮಲ್ಲಿಗೆ ಬಳ್ಳಿ ಇದೆ, ಈ ವಾರ ಮೊಗ್ಗು ಬಿಟ್ಟಿದೆ. ಬನಶಂಕರಿಯವರೇ, ಎರಡು ಹಿಡಿ ಅಂದ್ರಲ್ಲ, ಮೂರು ರಾತ್ರಿಗೂ ಪ್ರತಿ ಸಲ ಎರಡು ಹಿಡಿ ಬೇಕಾ, ಅಥವಾ ಕಡಿಮೆ ಮಾಡ್ತಾ ಹೋಗಬೇಕಾ?