ಇಶಾಪುರದ (ಬಂಗಾಳದ ಸರ್ಕಾರಿ ಬಂದೂಕು ಕಾರ್ಖಾನೆ) ಹಳೇ .303 ಬಂದೂಕು ಸಿಕ್ಕಿದೆ. ಮರ ಉಜ್ಜಿ ಪಾಲಿಶ್ ಮಾಡಲಾ?

ಓಹಾಯೋ ಹೊಸಬ: ಇಲ್ಲಿ ಒಂದು ಎಸ್ಟೇಟ್ ಸೇಲ್‌ನಲ್ಲಿ ಲೀ-ಎನ್‌ಫೀಲ್ಡ್ ಅನ್ನೋ ಬ್ರಿಟಿಷ್ ಸೈನ್ಯದ ಬಂದೂಕು ಕೊಂಡೆ. ಬೋಲ್ಟ್ (ತೋಟಾ ಒಳಗೆ ನೂಕೋ ಸರಳು) ಹಿಡಿ ಕೆಳಗಿನ ಪಟ್ಟಿಯಲ್ಲಿ ಕಿರೀಟ, ಜಿಆರ್‌ಐ (ರಾಜ ಜಾರ್ಜ್‌ನ ಗುರುತು), ಇಶಾಪುರ, 1942 ಅಂತಿದೆ. ಮೈಯೆಲ್ಲಾ ಗಟ್ಟಿ ಗ್ರೀಸ್, ಮರ ಕಪ್ಪು. ಅಸಲಿಯಾ? ಉಜ್ಜಲಾ?

ಡಲ್ಲಾಸ್ ರಾಯ: ಉಪ್ಪುಕಾಗದ ಮುಟ್ಟಿದರೆ ಕೆಟ್ಟಿರಿ. ನನ್ನದು 1917ರ ಬಿಎಸ್‌ಎ ಕಂಪನಿಯ ಲೀ-ಎನ್‌ಫೀಲ್ಡ್. 425 ಡಾಲರ್ ಕೊಟ್ಟೆ. ವಾರ್ನಿಶ್ 38, ಕಪ್ಪು ಮಾಡೋ ದ್ರಾವಣ 14, ಉಪ್ಪುಕಾಗದ 11. ನಾಲ್ಕು ಶನಿವಾರ ಗ್ಯಾರೇಜ್‌ನಲ್ಲೇ ಕಳೆದೆ. ಕನ್ನಡಿ ಥರ ಹೊಳೆಯಿತು. ಗನ್ ಶೋಗೆ ಒಯ್ದರೆ ವ್ಯಾಪಾರಿ ಹಿಂಬದಿಯ ಮರದ ಮೇಲೆ ಹೆಬ್ಬೆರಳು ಆಡಿಸಿ, "ಇಲ್ಲಿದ್ದ ಮುದ್ರೆ ಎಲ್ಲಿ?" ಅಂದ. 200ಕ್ಕೆ ಕೇಳಿದ. ಕೊಡಲಿಲ್ಲ. ಇನ್ನೂ ಕಪಾಟಿನಲ್ಲಿದೆ, ನೋಡಿದಾಗೆಲ್ಲಾ ಹೊಟ್ಟೆ ಉರಿಯುತ್ತೆ.

ಅಗಸೆ ಎಣ್ಣೆ: ರಾಯರು ಆತುರ ಬಿದ್ದರು, ಅಷ್ಟೇ. ನಾನು ಬಂದೂಕನ್ನು ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಆಗಸ್ಟ್ ಬಿಸಿಲಲ್ಲಿ ಕಾರೊಳಗೆ ಇಟ್ಟೆ. ಗ್ರೀಸ್ ತುಪ್ಪದ ಹಾಗೆ ಕರಗಿ ಇಳಿಯಿತು. ಆಮೇಲೆ ಹಸಿ ಅಗಸೆ ಎಣ್ಣೆ, ಅಂಗೈಯಲ್ಲಿ ತಿಕ್ಕಿ, ಆರು ವಾರ. ಅಸಲಿಯಾ ಅಂದರೆ ನಂಬರ್ ಹೊಂದುತ್ತಾ ನೋಡಿ: ಬೋಲ್ಟ್ ಹಿಡಿಯ ಹಿಂದೆ, ರಿಸೀವರ್ (ಬೋಲ್ಟ್ ಕೂರೋ ಲೋಹದ ಮೈ), ಮೂತಿಯ ಕಬ್ಬಿಣ, ಗುರಿಪಟ್ಟಿಯ ಅಡಿ, ನಾಲ್ಕೂ ಕಡೆ ನನ್ನದಕ್ಕೆ ಒಂದೇ ನಂಬರ್! ಎಣ್ಣೆ ಬಟ್ಟೆ ಮುದ್ದೆ ಮಾಡಿ ಬಿಸಾಡಬೇಡಿ, ತಾನಾಗಿ ಹೊತ್ತಿಕೊಳ್ಳುತ್ತೆ. ನಮ್ಮ ಕಸದ ಡಬ್ಬಿ ಹೊಗೆಯಾಡಿತ್ತು. ಹೆಂಡತಿ ಇವತ್ತಿಗೂ ಅದನ್ನೇ ಎತ್ತುತ್ತಾಳೆ.

ಡಲ್ಲಾಸ್ ರಾಯ: ಆತುರವಾ? ಹಸಿ ಎಣ್ಣೆ ಒಣಗೋಕೆ ಯುಗ ಬೇಕು. ಕುದಿಸಿದ್ದು ಹಾಕಿ ಸ್ವಾಮಿ.

ಅಗಸೆ ಎಣ್ಣೆ: ಬ್ರಿಟಿಷ್ ಸೈನ್ಯ ಬಳಸಿದ್ದು ಹಸಿ ಎಣ್ಣೆ. ವಾರ್ನಿಶ್ ಬಳಿದವರಿಂದ ನಾನು ಪಾಠ ಕಲಿಯಬೇಕಾ?

ವಿರಾಜಪೇಟೆ: ಇಬ್ಬರೂ ಸುಮ್ನಿರಿ. ಇಲ್ಲಿ ಕೊಡಗಲ್ಲಿ ನಮ್ಮಂಥವರಿಗೆ .303 ನಿಷೇಧಿತ ಬೋರ್ (ನಳಿಗೆ ಅಳತೆ), ಕನಸಲ್ಲೂ ಇಲ್ಲ. ಅದೇ ಇಶಾಪುರದ .315 ಸಿಕ್ಕರೆ ಪುಣ್ಯ. ತಾತನ ತೋಟಾ ಕೋವಿಯನ್ನು ಮಳೆಗಾಲ ಪೂರ್ತಿ ಚರ್ಮದ ಚೀಲದಲ್ಲಿ ಇಟ್ಟಿದ್ದೆ. ಕೈಲ್‌ಪೊಳ್ದ್ ಆಯುಧ ಹಬ್ಬದ ಪೂಜೆಗೆ ತೆಗೆದರೆ ನಳಿಗೆ ಮೇಲೆ ರಾಗಿ ಚೆಲ್ಲಿದ ಹಾಗೆ ತುಕ್ಕು. ಚರ್ಮ ತೇವ ಹಿಡಿಯುತ್ತೆ. ರಿಪೇರಿಗೆ 6,500 ರೂಪಾಯಿ ಹೋಯ್ತು, ಗುಳಿ ಮಾತ್ರ ಹೋಗಲಿಲ್ಲ.

ಡಲ್ಲಾಸ್ ರಾಯ: ನಿಮಗೆ ಲೈಸೆನ್ಸೇ ಬೇಡ ಅಲ್ವಾ, ಏನ್ ಗೋಳು?

ವಿರಾಜಪೇಟೆ: ನಮ್ಮ ಕೊಡವರಿಗೆ ವಿನಾಯಿತಿ ಇದೆ, 2029ರವರೆಗೆ. ಮಿಲಿಟರಿ ಬೋರ್‌ಗಲ್ಲ. ಗೊತ್ತಿಲ್ಲದೆ ಮಾತಾಡಬೇಡಿ ರಾಯರೇ. ನಮಗೆ ಕೋವಿ ಶೋಕಿ ಅಲ್ಲ, ಮಗು ಹುಟ್ಟಿದರೆ ಗುಂಡು ಹಾರಿಸೋ ಮನೆ ನಮ್ಮದು.

ಗುರಿಗಾರ: ಜಗಳ ಆಮೇಲೆ ಆಡಿ. ಹೊಸಬರೇ, ಡಿಪಿ ಅಂತ ಮುದ್ರೆ ಇದ್ದರೆ ಅದು ಕವಾಯತಿನ ಬಂದೂಕು, ಹೊಡೆಯಬೇಡಿ. ಇಲ್ಲದಿದ್ದರೂ ಮೊದಲು ಹೆಡ್‌ಸ್ಪೇಸ್, ಅಂದರೆ ಬೋಲ್ಟ್ ಮುಂದೆ ತೋಟಾ ಬುಡಕ್ಕೆ ಇರೋ ಸಂದು, ಅಳೆಸಿ. ನಾನು 60 ಡಾಲರ್ ಉಳಿಸೋಕೆ ಹೋಗಿ ತೋಟಾ ಬುಡದ ಹತ್ತಿರ ಸೀಳಿತ್ತು. ಕಣ್ಣು ಉಳಿದದ್ದು ಕನ್ನಡಕದಿಂದ. ಹಳೇ ಮಿಲಿಟರಿ ತೋಟಾ ಹಾರಿಸಿದರೆ ಅದೇ ದಿನ ನಳಿಗೆಗೆ ಬಿಸಿನೀರು ಹುಯ್ಯಿರಿ. ಅದರ ಕಿಡಿಮದ್ದು ತುಕ್ಕು ಹಿಡಿಸೋ ಉಪ್ಪು ಬಿಡುತ್ತೆ, ಬರೀ ಎಣ್ಣೆಗೆ ಅದು ಕರಗಲ್ಲ.

ಓಹಾಯೋ ಹೊಸಬ: ಡಿಪಿ ಇಲ್ಲ. ಮುಂದಿನ ಮರಕ್ಕೆ ಅಡ್ಡವಾಗಿ ಒಂದು ಸ್ಕ್ರೂ ಇದೆ, ಯಾರೋ ಹಳ್ಳಿ ರಿಪೇರಿ ಮಾಡಿದ ಹಾಗಿದೆ. ತೆಗೆದುಬಿಡಲಾ?

ಗುರಿಗಾರ: ಅಯ್ಯೋ ಬೇಡ! ಮರ ಸೀಳದಿರಲಿ ಅಂತ ಇಶಾಪುರದವರೇ ಹಾಕುತ್ತಿದ್ದ ಸ್ಕ್ರೂ ಅದು.

ಅಗಸೆ ಎಣ್ಣೆ: ಸ್ಕ್ರೂ ಇರಲಿ. ಕುದಿಸಿದ ಎಣ್ಣೆ ಅಂದವರು ಅದರ ಡಬ್ಬಿ ಮೇಲೆ ಏನು ಬರೆದಿದೆ ಓದಿದ್ದಾರಾ?