ಮೊದಲ ಫಿಕ್ಸ್ಡ್ ಗೇರ್ ಸೈಕಲ್: ದಿನನಿತ್ಯದ ಓಡಾಟಕ್ಕೆ ಯಾವುದನ್ನು ಕೊಳ್ಳಬೇಕು?

ಪ್ರಶ್ನೆ: ಕುವೆಂಪುನಗರದ ಸವಾರ

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನ ಕುವೆಂಪುನಗರದಲ್ಲಿದ್ದೇನೆ. ಕೆಲಸಕ್ಕೆಂದು ವಾರದ ಬಹುತೇಕ ದಿನ ಮಾನಸಗಂಗೋತ್ರಿಯವರೆಗೆ ಸೈಕಲ್‌ನಲ್ಲಿಯೇ ಹೋಗಿಬರುತ್ತೇನೆ. ದೂರ ನಾಲ್ಕೈದು ಕಿಲೋಮೀಟರ್‌ಗಿಂತ ಹೆಚ್ಚಿಲ್ಲ. ದಾರಿಯಲ್ಲಿ ದೊಡ್ಡ ಏರುಗಳಿಲ್ಲವಾದರೂ ಸಣ್ಣಪುಟ್ಟ ಏರಿಳಿತಗಳೂ ಹಂಪ್‌ಗಳೂ ಸಾಕಷ್ಟಿವೆ. ಈಗಿರುವುದು 21 ಗೇರಿನ ಸೈಕಲ್. ಅವುಗಳಲ್ಲಿ ನಾನು ಬಳಸುವುದು ಎರಡನ್ನೋ ಮೂರನ್ನೋ ಮಾತ್ರ, ಆದರೆ ಪ್ರತಿ ಮಳೆಗಾಲದ ನಂತರ ಗೇರುಗಳನ್ನು ಸರಿಪಡಿಸಿಕೊಳ್ಳುವ ಕೆಲಸ ತಪ್ಪುವುದಿಲ್ಲ. ಹೀಗಾಗಿ ಫಿಕ್ಸ್ಡ್ ಗೇರ್ ಸೈಕಲ್ಲಿನ ಸರಳತೆ ನನ್ನನ್ನು ಸೆಳೆದಿದೆ.

ಹಿಂದಿನ ಚಕ್ರ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗುತ್ತಲೇ ಇರುತ್ತದೆ, ತುಳಿಯುವುದನ್ನು ನಿಲ್ಲಿಸಿ ಸುಮ್ಮನೆ ಸಾಗಲು ಆಗುವುದಿಲ್ಲ ಎಂಬುದನ್ನು ಬಲ್ಲೆ. ನನ್ನ ಎತ್ತರ ಐದು ಅಡಿ ಐದು ಅಂಗುಲ, ಖರ್ಚು 30,000 ರೂಪಾಯಿಯೊಳಗೆ ಇದ್ದರೆ ಒಳಿತು. ಮುಂದಿನ ಮತ್ತು ಹಿಂದಿನ ಹಲ್ಲುಚಕ್ರಗಳಲ್ಲಿ ಎಷ್ಟೆಷ್ಟು ಹಲ್ಲುಗಳ ಜೋಡಿ ನನ್ನ ದಾರಿಗೆ ಹೊಂದುತ್ತದೆ, ಬ್ರೇಕ್ ಬೇಕೇ, ಮನೆಯಲ್ಲಿರುವ ನಮ್ಮ ತಂದೆಯವರ ಹಳೆಯ ಉಕ್ಕಿನ ಸೈಕಲ್ಲನ್ನೇ ಫಿಕ್ಸ್ಡ್ ಮಾಡಿಸಿಕೊಳ್ಳಬಹುದೇ ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ: ಬಸವನಗುಡಿಯಿಂದ

ಬ್ರೇಕಿನ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಉಳಿದ ವಿಷಯಗಳಲ್ಲಿ ಅವರವರ ಅಭಿರುಚಿಗೆ ಅವಕಾಶವಿದೆ, ಇದರಲ್ಲಿ ಇಲ್ಲ. ಕಾಲಿನಿಂದ ಪೆಡಲನ್ನು ಹಿಂದಕ್ಕೆ ಒತ್ತಿ ವೇಗ ತಗ್ಗಿಸಬಹುದೆಂಬುದು ನಿಜ. ಆದರೆ ಆ ತಡೆಯೆಲ್ಲ ಬೀಳುವುದು ಹಿಂದಿನ ಚಕ್ರದ ಮೇಲೆ. ಸೈಕಲ್ಲಿನ ವೇಗ ಇಳಿಯುತ್ತಿದ್ದಂತೆ ಸವಾರನ ಭಾರ ಮುಂದಕ್ಕೆ ವಾಲುತ್ತದೆ, ಹಿಂದಿನ ಚಕ್ರ ಹಗುರವಾಗುತ್ತದೆ, ಇನ್ನೂ ಬಲವಾಗಿ ಒತ್ತಿದರೆ ಅದು ಹಿಡಿತ ಬಿಟ್ಟು ಜಾರುತ್ತದೆ. ಅದೇ ಹೊತ್ತಿಗೆ ಮುಂದಿನ ಚಕ್ರದ ಮೇಲೆ ಭಾರ ಹೆಚ್ಚಿರುವುದರಿಂದ ನಿಜವಾದ ನಿಲುಗಡೆ ಅಲ್ಲಿಯೇ ಸಿಗುತ್ತದೆ. ಬ್ರೇಕಿಲ್ಲದ ಫಿಕ್ಸ್ಡ್ ಸೈಕಲ್ ಇರುವುದು ವೆಲೋಡ್ರೋಮ್‌ಗೆ, ಅಂದರೆ ಸೈಕಲ್ ಪಂದ್ಯದ ಟ್ರ್ಯಾಕಿಗೆ. ಅಲ್ಲಿ ಎದುರಿನಿಂದ ಆಟೋ ಬರುವುದಿಲ್ಲ, ಮಗು ಅಡ್ಡ ಓಡುವುದಿಲ್ಲ. ಆದ್ದರಿಂದ ಮುಂದಿನ ಬ್ರೇಕ್ ಇಲ್ಲದ, ಅಥವಾ ಮುಂದಿನ ಫೋರ್ಕಿನಲ್ಲಿ ಬ್ರೇಕ್ ಕೂರಿಸಲು ತೂತೇ ಇಲ್ಲದ ಸೈಕಲ್ಲನ್ನು, ಎಷ್ಟೇ ಚೆನ್ನಾಗಿ ಕಂಡರೂ, ದಯವಿಟ್ಟು ನೋಡಲೇಬೇಡಿ.

ಇನ್ನು ಹಲ್ಲುಗಳ ವಿಷಯ. ಅಂಗಡಿಯಲ್ಲಿ ಸಿಗುವ ಬಹಳಷ್ಟು ಸೈಕಲ್‌ಗಳಲ್ಲಿ ಮುಂದೆ 46, ಹಿಂದೆ 16 ಹಲ್ಲುಗಳಿರುತ್ತವೆ. 28 ಮಿಲಿಮೀಟರ್ ಟೈರಿನೊಂದಿಗೆ ಪೆಡಲಿನ ಒಂದು ಸುತ್ತಿಗೆ ಇದು ಸುಮಾರು 6.1 ಮೀಟರ್ ಸಾಗುತ್ತದೆ. ಸಮತಟ್ಟಾದ ಉದ್ದನೆಯ ರಸ್ತೆಯಲ್ಲಿ ಇದು ಹಿತವೇ. ಆದರೆ ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ನಿಂತು ಹೊರಡುವವರಿಗೆ ಪ್ರತಿ ಬಾರಿಯೂ ಮೊಣಕಾಲಿನ ಮೇಲೆ ಭಾರ ಬೀಳುತ್ತದೆ. ನೀವು 44 ಮತ್ತು 18ರ ಜೋಡಿಯಿಂದ ಆರಂಭಿಸಿ. ಒಂದು ಸುತ್ತಿಗೆ ಸುಮಾರು 5.2 ಮೀಟರ್, ಅಂದರೆ ನಿಮಿಷಕ್ಕೆ 80 ಸುತ್ತು ತುಳಿದರೆ ಗಂಟೆಗೆ 25 ಕಿಲೋಮೀಟರ್. ಊರೊಳಗಿನ ಓಡಾಟಕ್ಕೆ ಇಷ್ಟು ಸಾಕು. ಇದರ ತೊಂದರೆ ಕಾಣುವುದು ಇಳಿಜಾರಿನಲ್ಲಿ. ವೇಗ 35ಕ್ಕೆ ಏರಿದರೆ ಕಾಲುಗಳು ನಿಮಿಷಕ್ಕೆ ಸುಮಾರು 110 ಸುತ್ತು ತಿರುಗಲೇಬೇಕು, ನೀವು ಬೇಡವೆಂದರೂ ಪೆಡಲ್ ಬಿಡುವುದಿಲ್ಲ. ಹಾಗಾಗಿ ಇಳಿಜಾರಿಗೆ ಮುಂಚೆಯೇ ಬ್ರೇಕ್ ಹಿಡಿದು ವೇಗವನ್ನು ಹತೋಟಿಯಲ್ಲಿಡುವುದನ್ನು ರೂಢಿಸಿಕೊಳ್ಳಬೇಕು. ಚಾಮುಂಡಿ ಬೆಟ್ಟದ ಇಳಿತವನ್ನು ಮಾತ್ರ ಫಿಕ್ಸ್ಡ್‌ನಲ್ಲಿ ಸದ್ಯಕ್ಕೆ ಯೋಚಿಸಬೇಡಿ.

ಟೈರಿಗೆ ಜಾಗ ಎಷ್ಟಿದೆಯೆಂದು ಬೆರಳಿಟ್ಟು ನೋಡಿ. 23 ಅಥವಾ 25 ಮಿಲಿಮೀಟರ್ ಟೈರಷ್ಟೇ ಹಿಡಿಸುವ ಫ್ರೇಮು ನಮ್ಮ ರಸ್ತೆಗಳಿಗೆ ಹೇಳಿಮಾಡಿಸಿದ್ದಲ್ಲ. 28 ಕನಿಷ್ಠ, 32 ಹಿಡಿಸಿದರೆ ಇನ್ನೂ ಒಳ್ಳೆಯದು. ಫಿಕ್ಸ್ಡ್‌ನಲ್ಲಿ ಇದು ಎರಡರಷ್ಟು ಮುಖ್ಯ, ಏಕೆಂದರೆ ಹಂಪ್ ಬಂದಾಗ ಪೆಡಲುಗಳನ್ನು ಸಮವಾಗಿ ನಿಲ್ಲಿಸಿಕೊಂಡು ಎದ್ದುನಿಲ್ಲಲು ಆಗುವುದಿಲ್ಲ, ಕಾಲು ತಿರುಗುತ್ತಿರುವಂತೆಯೇ ಸೀಟಿನಿಂದ ತುಸು ಮೇಲೇಳಬೇಕಾಗುತ್ತದೆ. ಎತ್ತರದ ಬಣ್ಣದ ರಿಮ್‌ಗಳ ಆಸೆಯನ್ನೂ ಬಿಡಿ. ಅವುಗಳಿಗೆ ಉದ್ದ ವಾಲ್ವಿನ ಟ್ಯೂಬೇ ಬೇಕು. ಪಂಕ್ಚರ್ ಅಂಗಡಿಯವರ ಬಳಿ ಅದು ಇರುವುದು ಅಪರೂಪ, ಸಣ್ಣ ಮೂತಿಯ ವಾಲ್ವಾದರೆ ಅವರ ಪಂಪೂ ಕೂರುವುದಿಲ್ಲ.

ಉತ್ತರ: ಚೈನ್‌ವೀಲ್, ಮೈಸೂರು

ತಂದೆಯವರ ಸೈಕಲ್ಲಿನ ಬಗ್ಗೆ ಹೇಳುತ್ತೇನೆ. ಅದರ ಹಿಂದಿನ ಹಬ್ಬಿನಲ್ಲಿ, ಅಂದರೆ ಚಕ್ರದ ನಡುಭಾಗದಲ್ಲಿ, ಫ್ರೀವೀಲ್ (ತುಳಿಯದಿದ್ದರೂ ಚಕ್ರ ತಿರುಗಲು ಬಿಡುವ ಹಲ್ಲುಚಕ್ರ) ತಿರುಗಿಸಿ ಕೂರಿಸುವ ಮರೆಗಳು, ಅಂದರೆ ಸ್ಕ್ರೂವಿನಂತಹ ಸುತ್ತುಗೆರೆಗಳು, ಇರುತ್ತವೆ. ಫಿಕ್ಸ್ಡ್ ಕಾಗ್ (ಚಕ್ರದೊಂದಿಗೇ ತಿರುಗುವ ಹಲ್ಲುಚಕ್ರ) ಕೂಡ ಅದೇ ಮರೆಗಳಲ್ಲಿ ಕೂರುತ್ತದೆ. ಇಷ್ಟನ್ನೇ ನೋಡಿ ಕೆಲವರು ‘ಆಯಿತು, ಫಿಕ್ಸ್ಡ್ ಆಯಿತು’ ಎಂದು ಕೈಗೆ ಕೊಟ್ಟುಬಿಡುತ್ತಾರೆ. ಅಪಾಯವಿರುವುದು ಇಲ್ಲಿಯೇ. ಮುಂದಕ್ಕೆ ತುಳಿದಾಗ ಕಾಗ್ ಬಿಗಿಯಾಗುತ್ತದೆ, ವೇಗ ತಗ್ಗಿಸಲು ಹಿಂದಕ್ಕೆ ಒತ್ತಿದಾಗ ಅದು ಸಡಿಲವಾಗಿ ಬಿಚ್ಚಿಕೊಳ್ಳುತ್ತದೆ. ಅಂದರೆ ನಿಮಗೆ ತಡೆ ಬೇಕಾದ ಗಳಿಗೆಯಲ್ಲಿಯೇ ಅದು ಕೈಕೊಡುತ್ತದೆ. ನಿಜವಾದ ಫಿಕ್ಸ್ಡ್ ಹಬ್ಬಿನಲ್ಲಿ ಕಾಗಿನ ಹೊರಬದಿಯಲ್ಲಿ ಇನ್ನೊಂದು, ಸ್ವಲ್ಪ ಸಣ್ಣ ಅಳತೆಯ, ಎಡಮರೆಯ ಮೆಟ್ಟಿಲಿರುತ್ತದೆ. ಅದರ ಮೇಲೆ ಲಾಕ್‌ರಿಂಗ್ ಎಂಬ ಬಳೆಯನ್ನು ಎಡಕ್ಕೆ ತಿರುಗಿಸಿ ಬಿಗಿಯುತ್ತಾರೆ, ಕಾಗ್ ಬಿಚ್ಚಿಕೊಳ್ಳಲು ಹೊರಟರೆ ಅದು ಇನ್ನಷ್ಟು ಬಿಗಿಯಾಗಿ ತಡೆಯುತ್ತದೆ. ಹಳೆಯ ಸೈಕಲ್ಲಿನ ಹಬ್ಬಿನಲ್ಲಿ ಈ ಎರಡನೆಯ ಮೆಟ್ಟಿಲು ಇರುವುದಿಲ್ಲ. ಚಕ್ರವನ್ನೇ ಬದಲಿಸದೆ ಆ ಸೈಕಲ್ಲನ್ನು ಫಿಕ್ಸ್ಡ್ ಮಾಡಿಸಬೇಡಿ. ಮಳೆಯಲ್ಲಿ ಉಕ್ಕಿನ ರಿಮ್ ಒದ್ದೆಯಾದರೆ ಬ್ರೇಕ್ ಹಿಡಿಯುವುದೂ ಕಡಿಮೆ. ಅದನ್ನು ಅದು ಇರುವಂತೆಯೇ ಚೆನ್ನಾಗಿಟ್ಟುಕೊಳ್ಳಿ.

ಹೊಸದನ್ನು ಕೊಳ್ಳುವಾಗ ಫ್ಲಿಪ್-ಫ್ಲಾಪ್ ಹಬ್ ಇರುವುದನ್ನು ಕೇಳಿ. ಒಂದು ಬದಿಯಲ್ಲಿ ಫಿಕ್ಸ್ಡ್ ಕಾಗ್, ಇನ್ನೊಂದು ಬದಿಯಲ್ಲಿ ಫ್ರೀವೀಲ್. ಚಕ್ರ ಬಿಚ್ಚಿ ತಿರುಗಿಸಿ ಹಾಕಿದರೆ ಸಾಕು. ಆರಂಭದಲ್ಲಿ ಫ್ರೀವೀಲ್ ಬದಿಯಲ್ಲಿ ಸೈಕಲ್ಲಿನ ಗುಣವನ್ನು ಅರಿತುಕೊಂಡು, ಬಳಿಕ ಬಿಡುವಿನ ಭಾನುವಾರದ ಬೆಳಿಗ್ಗೆ ವಾಹನಗಳಿಲ್ಲದ ಕಡೆ ಫಿಕ್ಸ್ಡ್ ಬದಿಯನ್ನು ಕಲಿಯಬಹುದು. ಫ್ರೀವೀಲ್ ಬದಿಯಲ್ಲಿ ಕಾಲಿನ ತಡೆ ಇರುವುದಿಲ್ಲವಾದ್ದರಿಂದ ಎರಡೂ ಬ್ರೇಕುಗಳಿರುವ ಸೈಕಲ್ಲನ್ನೇ ಆರಿಸಿ.

ಚೈನಿನ ಬಿಗಿತವನ್ನು ಆಗಾಗ ನೋಡುತ್ತಿರಬೇಕು. ಪೆಡಲ್ ತಿರುಗಿಸುತ್ತ ಚೈನು ಅತಿ ಬಿಗಿಯಾಗುವ ಜಾಗದಲ್ಲಿ ನಿಲ್ಲಿಸಿ, ನಡುವೆ ಬೆರಳಿನಿಂದ ಒತ್ತಿದಾಗ ಸುಮಾರು ಒಂದು ಸೆಂಟಿಮೀಟರ್ ಆಡಿದರೆ ಸರಿಯಾಗಿದೆ ಎಂದರ್ಥ. ತೀರ ಸಡಿಲಾದರೆ ಚೈನು ಕಳಚಿ ಹಿಂದಿನ ಚಕ್ರ ಗಕ್ಕನೆ ಕಚ್ಚಿಕೊಳ್ಳಬಹುದು. 15 ಮಿಲಿಮೀಟರ್ ಸ್ಪ್ಯಾನರ್ ಒಂದು ಚೀಲದಲ್ಲಿರಲಿ. ಪಂಕ್ಚರ್ ಆದರೂ ಅದಿಲ್ಲದೆ ಹಿಂದಿನ ಚಕ್ರ ಬಿಚ್ಚಲಾಗದು. ಒಂದು ಅನುಕೂಲವೆಂದರೆ, ಇಂತಹ ಬಹಳಷ್ಟು ಸೈಕಲ್‌ಗಳಿಗೆ ನಮ್ಮ ಹಳೆಯ ಸೈಕಲ್‌ಗಳ ಅಗಲದ ಚೈನೇ ಹೊಂದುವುದರಿಂದ ಬದಲಿ ಚೈನಿಗಾಗಿ ಅಲೆಯಬೇಕಿಲ್ಲ.

ಉತ್ತರ: ಹುಬ್ಬಳ್ಳಿಯಿಂದ

ಇಬ್ಬರ ಮಾತುಗಳಿಗೂ ಗೌರವವಿಟ್ಟೇ ಭಿನ್ನಾಭಿಪ್ರಾಯ ಹೇಳುತ್ತೇನೆ. ಪ್ರಶ್ನೆ ಕೇಳಿದವರಿಗೆ ಬೇಕಿರುವುದು ಗೇರುಗಳ ರಗಳೆಯಿಲ್ಲದ, ಹಗುರವಾದ, ದಿನವೂ ನಂಬಬಹುದಾದ ಸೈಕಲ್. ಫ್ರೀವೀಲ್ ಇರುವ ಸಿಂಗಲ್ ಸ್ಪೀಡ್, ಅಂದರೆ ಒಂದೇ ಗೇರಿನ ಸೈಕಲ್, ಇಷ್ಟನ್ನೂ ಕೊಡುತ್ತದೆ. ಗುಂಡಿಯನ್ನು ಕೊನೆಯ ಕ್ಷಣದಲ್ಲಿ ತಪ್ಪಿಸುವಾಗ, ಬಸ್ಸಿನ ಪಕ್ಕದಲ್ಲಿ ಇಕ್ಕಟ್ಟಿನಲ್ಲಿ ತಿರುಗುವಾಗ ಪೆಡಲನ್ನು ನಿಲ್ಲಿಸುವ ಸ್ವಾತಂತ್ರ್ಯ ದೊಡ್ಡದು. ಫಿಕ್ಸ್ಡ್‌ನಲ್ಲಿ ವಾಲಿ ತಿರುಗುವಾಗ ಒಳಬದಿಯ ಪೆಡಲ್ ನೆಲಕ್ಕೆ ತಗುಲಿದರೆ ಅದು ಹಿಂದಿನ ಚಕ್ರವನ್ನೇ ಎತ್ತಿಹಾಕುತ್ತದೆ. ಕಲಿಯಬೇಕೆಂಬ ಆಸೆಯಿದ್ದರೆ ಖಂಡಿತ ಕಲಿಯಲಿ, ಆದರೆ ಕೆಲಸಕ್ಕೆ ಹೋಗುವ ಅವಸರದ ಬೆಳಿಗ್ಗೆ ಅದಕ್ಕೆ ತಕ್ಕ ಹೊತ್ತಲ್ಲ.

ಉತ್ತರ: ಲಂಡನ್ನಿನಲ್ಲಿರುವ ಧಾರವಾಡದವ

ಹುಬ್ಬಳ್ಳಿಯ ಸ್ನೇಹಿತರ ಎಚ್ಚರಿಕೆಯ ಮಾತು ಸರಿಯಾಗಿದೆ. ಆದರೆ ಫಿಕ್ಸ್ಡ್ ಕೊಡುವುದು ಸರಳತೆಯನ್ನು ಮಾತ್ರ ಎಂದರೆ ಅದು ಅರ್ಧ ಮಾತಾಗುತ್ತದೆ. ಇಲ್ಲಿನ ಒದ್ದೆ ರಸ್ತೆಗಳಲ್ಲಿ ವಾಹನಗಳ ಸಾಲಿನ ಹಿಂದೆ ನಿಧಾನವಾಗಿ ಸಾಗುವಾಗ ಬ್ರೇಕ್ ಮುಟ್ಟದೆ ಬರಿಯ ಕಾಲಿನ ಹದದಿಂದಲೇ ವೇಗವನ್ನು ಕೂದಲೆಳೆಯಷ್ಟು ಹೆಚ್ಚಿಸಲೂ ತಗ್ಗಿಸಲೂ ಆಗುತ್ತದೆ. ಹಿಂದಿನ ಟೈರು ಹಿಡಿತ ಕಳೆದುಕೊಳ್ಳುತ್ತಿದ್ದರೆ ಪಾದಕ್ಕೆ ಮೊದಲೇ ತಿಳಿಯುತ್ತದೆ. ಈ ಸುಖಕ್ಕಾಗಿಯೇ ನಾನು ಫಿಕ್ಸ್ಡ್ ತುಳಿಯುತ್ತೇನೆ, ಅದನ್ನು ಮನಸಾರೆ ಶಿಫಾರಸು ಮಾಡುತ್ತೇನೆ. ಆದರೂ ಬ್ರಿಟನ್ನಿನ 1983ರ ನಿಯಮಗಳು ಸೈಕಲ್ಲಿಗೆ ಒಂದನ್ನೊಂದು ಅವಲಂಬಿಸದ ಎರಡು ತಡೆಗಳಿರಬೇಕೆನ್ನುತ್ತವೆ. ಫಿಕ್ಸ್ಡ್ ಚಕ್ರವನ್ನು ಹಿಂದಿನ ತಡೆಯೆಂದು ಒಪ್ಪುತ್ತವೆ, ಮುಂದಿನ ಬ್ರೇಕಿಗೆ ವಿನಾಯಿತಿ ಕೊಡುವುದಿಲ್ಲ. ಕಾನೂನಿನ ಮಾತು ಹಾಗಿರಲಿ, ಇದು ಸರಿಯಾದ ವಿವೇಕ.

ಯಾರೂ ಹೇಳದ ಎರಡು ವಿಷಯಗಳಿವೆ. ಪ್ಯಾಂಟಿನ ಅಂಚು, ಶೂ ಲೇಸು, ದುಪಟ್ಟಾ ಇವುಗಳಲ್ಲಿ ಯಾವುದು ಚೈನಿಗೆ ಸಿಕ್ಕಿದರೂ ತುಳಿಯುವುದನ್ನು ನಿಲ್ಲಿಸಿದೊಡನೆ ಚೈನು ನಿಲ್ಲುವುದಿಲ್ಲ, ಒಳಕ್ಕೆ ಎಳೆದುಕೊಳ್ಳುತ್ತದೆ. ಬಲಗಾಲಿನ ಪ್ಯಾಂಟನ್ನು ಪಟ್ಟಿಯಿಂದ ಬಿಗಿದೇ ಹೊರಡಿ. ಚಕ್ರವನ್ನು ಮೇಲೆತ್ತಿ ತಿರುಗಿಸುತ್ತ ಚೈನು ಒರೆಸುವಾಗ ಬೆರಳು ಕಾಗಿನ ಹತ್ತಿರ ಹೋಗಲೇಬಾರದು. ಬಟ್ಟೆಯ ತುದಿ ಸಿಕ್ಕಿಕೊಂಡರೆ ಬೆರಳೂ ಅದರೊಂದಿಗೆ ಹೋಗುತ್ತದೆ, ತಿರುಗುವ ಚಕ್ರದ ರಭಸ ಅದನ್ನು ಕತ್ತರಿಸುವಷ್ಟಿರುತ್ತದೆ.

ಪ್ರಶ್ನಿಸಿದವರು: ಕುವೆಂಪುನಗರದ ಸವಾರ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ತಂದೆಯವರ ಸೈಕಲ್ಲನ್ನು ಮುಟ್ಟುವುದಿಲ್ಲ. ಅಂಗಡಿಯಲ್ಲಿ ಎರಡು ಸೈಕಲ್‌ಗಳನ್ನು ನೋಡಿ ಬಂದಿದ್ದೇನೆ. ಒಂದರಲ್ಲಿ 46 ಮತ್ತು 16 ಹಲ್ಲು, ಎತ್ತರದ ರಿಮ್, 25ರ ಟೈರು, ಮುಂದಿನ ಬ್ರೇಕ್ ಮಾತ್ರ. ಇನ್ನೊಂದು ನೋಡಲು ಸಾಧಾರಣ, ತೂಕವೂ ತುಸು ಹೆಚ್ಚು. ಆದರೆ 44 ಮತ್ತು 18 ಹಲ್ಲು, 28ರ ಟೈರು, ಎರಡೂ ಬ್ರೇಕ್, ಫ್ಲಿಪ್-ಫ್ಲಾಪ್ ಹಬ್ ಇವೆ. ಎರಡನೆಯದರತ್ತ ಮನಸ್ಸು ವಾಲಿದೆ. ಹಣ ಕೊಡುವ ಮುನ್ನ ಇನ್ನೇನನ್ನು ಪರೀಕ್ಷಿಸಬೇಕು?

ಉತ್ತರ: ಚೈನ್‌ವೀಲ್, ಮೈಸೂರು

ಎರಡನೆಯದನ್ನೇ ಕೊಳ್ಳಿ. ಕೊಳ್ಳುವ ಮುನ್ನ ಸೀಟಿನ ಮೇಲೆ ಕುಳಿತು, ಯಾರನ್ನಾದರೂ ಸೈಕಲ್ ಹಿಡಿದುಕೊಳ್ಳಲು ಹೇಳಿ, ಪೆಡಲನ್ನು ಮುಂದಕ್ಕೆ ತಂದು ಹ್ಯಾಂಡಲನ್ನು ಪೂರ್ತಿ ತಿರುಗಿಸಿ ನೋಡಿ. ನಿಮ್ಮ ಎತ್ತರಕ್ಕೆ ಹೊಂದುವ ಸಣ್ಣ ಫ್ರೇಮುಗಳಲ್ಲಿ ಶೂವಿನ ತುದಿ ಮುಂದಿನ ಚಕ್ರಕ್ಕೆ ತಾಗುವುದುಂಟು. ಪೆಡಲ್ ನಿಲ್ಲಿಸಲಾಗದ ಸೈಕಲ್ಲಿನಲ್ಲಿ ನಿಧಾನವಾಗಿ ತಿರುಗುವಾಗ ಅದು ಬೀಳಿಸಬಹುದು. ತಾಗುವುದಾದರೆ 165 ಮಿಲಿಮೀಟರಿನ ಗಿಡ್ಡ ಕ್ರ್ಯಾಂಕ್ (ಪೆಡಲ್ ಕೂರುವ ತೋಳು) ಹಾಕಿಕೊಡುತ್ತಾರೆಯೇ ಎಂದು ವಿಚಾರಿಸಿ, ತಿರುವಿನಲ್ಲಿ ಪೆಡಲ್ ನೆಲಕ್ಕೆ ತಗುಲುವ ಭಯವೂ ಅದರಿಂದ ಕಡಿಮೆಯಾಗುತ್ತದೆ. ಆಮೇಲೆ ಫಿಕ್ಸ್ಡ್ ಬದಿಯ ಲಾಕ್‌ರಿಂಗನ್ನು ನಿಮ್ಮೆದುರಿಗೇ ಅದರ ಸ್ಪ್ಯಾನರ್‌ನಿಂದ ಬಿಗಿಸಿ. ಆ ಬದಿಗೆ ತಿರುಗಿಸಿಕೊಂಡ ಮೇಲೆ ಒಂದೆರಡು ದಿನ ತುಳಿದು ಮತ್ತೊಮ್ಮೆ ಬಿಗಿಸಿಕೊಳ್ಳಿ, ಏಕೆಂದರೆ ಏರಿನಲ್ಲಿ ಬಲವಾಗಿ ತುಳಿದಾಗ ಕಾಗ್ ಇನ್ನೂ ಸ್ವಲ್ಪ ಒಳಕ್ಕೆ ಕೂತು ಅದಕ್ಕೂ ಲಾಕ್‌ರಿಂಗಿಗೂ ನಡುವೆ ಸಂದು ಬಿಡುತ್ತದೆ.