ಲಿನಕ್ಸ್ ಡೆಸ್ಕ್‌ಟಾಪ್‌ನಲ್ಲಿ ನಿಮಗೆ ಇನ್ನೂ ಏನು ಬೇಕು? ಒಂದನ್ನೇ ಹೇಳಿ

ಶಾಯಿಬರಹ:
2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದ ಮೇಲೆ ನಮ್ಮ ಗೆಳೆಯರ ಗುಂಪು ಸುಮಾರು ಹಳೇ ಕಂಪ್ಯೂಟರ್‌ಗಳಿಗೆ ವಿಂಡೋಸ್ ಬದಲಿಗೆ ಉಬುಂಟು ಅನ್ನೋ ಲಿನಕ್ಸ್ ಹಾಕಿಕೊಟ್ಟಿದೆ. ಬ್ರೌಸರ್, ವೈಫೈ, ವಿಡಿಯೊ ಯಾವುದಕ್ಕೂ ತಕರಾರು ಬರಲಿಲ್ಲ. ಫೋನ್ ಮಾಡಿದವರೆಲ್ಲ ಕೇಳಿದ್ದು ಒಂದೇ: "ಇದರಲ್ಲಿ ಕನ್ನಡ ಟೈಪ್ ಮಾಡೋದು ಹೇಗೆ?"

ನನ್ನ ಬೇಡಿಕೆಯೂ ಅದೇ. ಇನ್‌ಸ್ಟಾಲ್ ಮಾಡುವಾಗ ಕನ್ನಡ ಅಂತ ಆರಿಸಿಕೊಂಡರೆ, ಮೊದಲ ಸಲ ಲಾಗಿನ್ ಆದಾಗಲೇ ಕನ್ನಡ ಕೀಲಿಮಣೆ ತಯಾರಿರಬೇಕು. ಎಲ್ಲ ಆಪ್‌ನಲ್ಲೂ ನಡೆಯಬೇಕು. ಈಗಿನ ದಾರಿ ಹೀಗಿದೆ: ಸೆಟ್ಟಿಂಗ್ಸ್, ಕೀಬೋರ್ಡ್, ಇನ್‌ಪುಟ್ ಸೋರ್ಸಸ್, ಪ್ಲಸ್ ಗುರುತು, ಮೂರು ಚುಕ್ಕಿ, ಆಮೇಲೆ ಪಟ್ಟಿಯಲ್ಲಿ ಕನ್ನಡ. ಅಲ್ಲಿ 'ಕಗಪ' ಅಂತ ಒಂದು ಕಾಣುತ್ತೆ. ನುಡಿ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶ ಬಲ್ಲವರು ಅದನ್ನೇ ಒತ್ತುತ್ತಾರೆ. ಆದರೆ ಅದು ನುಡಿಯ ಹಾಗೆ ನಡೆಯಲ್ಲ. ನುಡಿಯಲ್ಲಿ ಇಂಗ್ಲಿಷಿನ ಐ (i) ಕೀಲಿಯನ್ನು ಪದದ ಶುರುವಿಗೆ ಒತ್ತಿದರೆ 'ಇ' ಬರುತ್ತೆ, 'ಕ' ಆದಮೇಲೆ ಒತ್ತಿದರೆ 'ಕಿ' ಆಗುತ್ತೆ. ಈ ಕಗಪಕ್ಕೆ ಹಿಂದಿನ ಅಕ್ಷರ ಯಾವುದು ಅನ್ನೋದು ಗೊತ್ತಾಗಲ್ಲ, 'ಇ' ಥರದ ಸ್ವರ ಬೇಕಾದರೆ ಬಲಗಡೆಯ ಆಲ್ಟ್ ಕೀಲಿ (ಆಲ್ಟ್-ಜಿಆರ್) ಹಿಡಿದೇ ಒತ್ತಬೇಕು. ನುಡಿಯ ಹಾಗೆ ನಡೆಯೋ ನಿಜವಾದ ಕಗಪ, ಅಂದರೆ ಕೆಜಿಪಿ, ಇರೋದು ಐಬಸ್-ಎಂ17ಎನ್ ಅನ್ನೋ ಬೇರೆ ಪ್ಯಾಕೇಜಿನಲ್ಲಿ. ಆ ಹೆಸರು ಹೊಸಬರಿಗೆ ಹೇಗೆ ತಿಳಿಯಬೇಕು? ನಿವೃತ್ತರಾದ ಮೇಷ್ಟ್ರೊಬ್ಬರಿಗೆ ಇದನ್ನೆಲ್ಲ ಫೋನಿನಲ್ಲೇ ಹೇಳಿಕೊಡೋದು ಎಷ್ಟು ಕಷ್ಟ ಅಂತ ಮಾಡಿದವರಿಗೇ ಗೊತ್ತು.

ನಿಮಗೇನು ಬೇಕು, ಬರೀರಿ.

ಟರ್ಮಿನಲ್_ಬಳ್ಳಾರಿ:
ಸರ್, ಇದು ಯಾಕೆ ಹೀಗಾಗಿದೆ ಅಂತ ಸ್ವಲ್ಪ ಹೇಳ್ತೀನಿ. ಪರದೆ ಮೇಲೆ ಕಿಟಕಿ ತೋರಿಸಿ, ಒತ್ತಿದ ಕೀಲಿಗಳನ್ನ ಆಪ್‌ಗಳಿಗೆ ತಲುಪಿಸೋ ಹಳೇ ವ್ಯವಸ್ಥೆ ಎಕ್ಸ್11 ಬಂದದ್ದು 1987ರಲ್ಲಿ. ಅದರಲ್ಲಿ ಯಾವ ಆಪ್ ಬೇಕಾದರೂ ಬೇರೆ ಆಪ್‌ಗೆ ಹೋಗುವ ಕೀಲಿಗಳನ್ನ ಕದ್ದು ನೋಡಬಹುದಿತ್ತು. ಅದರ ಬದಲಿಗೆ 2008ರಲ್ಲಿ ಶುರುವಾದ ವೇಲ್ಯಾಂಡ್ ಇದಕ್ಕೆ ತಡೆ ಹಾಕಿತು. ಈಗ ನೀವು ಒತ್ತಿದ ಕೀಲಿ ಮೊದಲು ಡೆಸ್ಕ್‌ಟಾಪ್ ಕೈಗೆ ಹೋಗುತ್ತೆ, ಅಲ್ಲಿಂದ ಕೀಲಿಗಳನ್ನ ಅಕ್ಷರ ಮಾಡೋ ಐಬಸ್‌ಗೋ ಫೈಟಿಕ್ಸ್‌ಗೋ ಹೋಗಿ, ಅಕ್ಷರವಾಗಿ ಆಪ್‌ಗೆ ಬರುತ್ತೆ. ಈ ಮೂವರ ನಡುವೆ ಒಂದೇ ಒಪ್ಪಂದ ಇದ್ದರೆ ಮಾತ್ರ ಕನ್ನಡ ಮೂಡುತ್ತೆ. ಉಬುಂಟುವಿನ ಡೆಸ್ಕ್‌ಟಾಪ್ ಆದ ಗ್ನೋಮ್, ಐಬಸ್‌ನ ಜೊತೆಗೇ ಹೊಲಿದುಕೊಂಡಿದೆ. ಇನ್ನೊಂದು ಡೆಸ್ಕ್‌ಟಾಪ್ ಆದ ಕೆಡಿಇ ಪ್ಲಾಸ್ಮಾದಲ್ಲಿ 'ವರ್ಚುವಲ್ ಕೀಬೋರ್ಡ್' ಅನ್ನೋ ಪುಟಕ್ಕೆ ಹೋಗಿ ಐಬಸ್ಸೋ ಫೈಟಿಕ್ಸೋ ಅಂತ ಆರಿಸಬೇಕು. ಕೀಲಿಮಣೆ ಹುಡುಕೋರು ಆ ಹೆಸರಿನ ಪುಟದೊಳಗೆ ಯಾಕೆ ಹೋಗ್ತಾರೆ ಅನ್ನೋದು ನನಗೂ ಅರ್ಥವಾಗಲ್ಲ. ಎಲೆಕ್ಟ್ರಾನ್ ಅನ್ನೋ ಸಲಕರಣೆಯಲ್ಲಿ ಕಟ್ಟಿದ ಚಾಟ್ ಆಪ್‌ಗಳಲ್ಲಿ ಕೆಲವಕ್ಕೆ ಇವತ್ತಿಗೂ ಒಂದು ಫ್ಲ್ಯಾಗ್ (ವಿಶೇಷ ಸೂಚನೆ) ಕೊಟ್ಟು ಶುರು ಮಾಡಿದರೇನೇ ಕನ್ನಡ ಬರೋದು.

ಮೊದಲು ಇಂಥ ತೊಂದರೆ ಬಂದರೆ "ಎಕ್ಸ್11 ಸೆಷನ್‌ಗೆ ಹೋಗಿ" ಅಂತಿದ್ದೆವು. ಉಬುಂಟು 25.10ರಿಂದ ಗ್ನೋಮ್‌ನಲ್ಲಿ ಆ ಸೆಷನ್ನೇ ಇಲ್ಲ. ಹಾಗಾಗಿ ಶಾಯಿಬರಹ ಅವರ ಬೇಡಿಕೆ ನ್ಯಾಯವಾದದ್ದೇ. ಆದರೆ ಹೊಸದಾಗಿ ಏನನ್ನೂ ಕಟ್ಟಬೇಕಾಗಿಲ್ಲ. ಇರೋದನ್ನ ಒಟ್ಟಿಗೆ ಜೋಡಿಸಿಕೊಡೋರು ಬೇಕು.

ಅಕ್ಷರಶಃ:
ಇನ್‌ಸ್ಕ್ರಿಪ್ಟ್ ಕೀಲಿಮಣೆ ಕಲಿತರೆ ಇದ್ಯಾವ ಗೋಜೂ ಇಲ್ಲ. 1991ರಿಂದ ಭಾರತೀಯ ಮಾನಕ ಅದು. ಯಾವ ಲಿನಕ್ಸ್ ಆದರೂ, ವಿಂಡೋಸ್ ಆದರೂ ಮೊದಲೇ ಇರುತ್ತೆ. ಕನ್ನಡದ 'ಕ' ಇರುವ ಕೀಲಿಯಲ್ಲೇ ತೆಲುಗಿನ, ಹಿಂದಿಯ 'ಕ' ಕೂಡ ಇದೆ, ಒಮ್ಮೆ ಕಲಿತರೆ ಎಲ್ಲ ಲಿಪಿಗೂ ಆಯಿತು. ಡೀಫಾಲ್ಟ್ ಇಡೋದಾದರೆ ಇದನ್ನೇ ಇಡಬೇಕು.

ಗದಗ_ಡಿಟಿಪಿ:
ಅಕ್ಷರಶಃ ಅವರ, ನಿಮ್ಮ ಮಾತು ಕಾಗದದ ಮ್ಯಾಲೆ ಸರಿ ಐತಿ. ಆದ್ರ ನಮ್ಮ ಕಡೆ ಪ್ರೆಸ್ಸಿನ್ಯಾಗ, ಕಚೇರ್‍ಯಾಗ ಕುಂತು ಟೈಪ್ ಮಾಡೋ ಮಂದಿ ಕೈ ಕೆಜಿಪಿಗೆ ಒಗ್ಗಿ ಹೋಗ್ಯಾವ. ಕೆ.ಪಿ. ರಾವ್ ಅವರ ವಿನ್ಯಾಸದ ಮ್ಯಾಲೆ ನಿಂತಿದ್ದು ಅದು, ರಾಜ್ಯ ಸರಕಾರ ಒಪ್ಪಿದ್ದೂ ಅದನ್ನ. ಎಫ್ ಒತ್ತಿದ್ರ ಒತ್ತಕ್ಷರ ಬರೂದು ಅವ್ರಿಗೆ ನೋಡಲಾರದ ಬರ್ತೈತಿ. ಈಗ ಅವ್ರಿಗೆ ಹೊಸಾ ಕೀಲಿಮಣಿ ಕಲೀರಿ ಅಂದ್ರ ಲಿನಕ್ಸೇ ಬ್ಯಾಡ ಅಂತಾರ.

ಶಾಯಿಬರಹ:
ಇಬ್ಬರದ್ದೂ ಸರಿ, ಅದಕ್ಕೇ ಡೀಫಾಲ್ಟ್ ಒಂದು ಅಂತ ಇಡಬಾರದು ಅನ್ನೋದು ನನ್ನ ವಾದ. ಹೊಸ ಹುಡುಗರು ಇವೆರಡನ್ನೂ ಕಲಿತಿಲ್ಲ, ಫೋನಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಹೊಡೆದು ಕನ್ನಡ ಮಾಡಿಕೊಳ್ತಾರೆ. ಮೊದಲ ಲಾಗಿನ್ ಆದಾಗ ಒಂದು ಪುಟ ತೆರೆದುಕೊಳ್ಳಲಿ: 'ಕರ್ನಾಟಕ' ಅಂತ ಬರೆದು ನೋಡಿ ಅನ್ನಲಿ. ಕೆಳಗೆ ಇನ್‌ಸ್ಕ್ರಿಪ್ಟ್, ಕೆಜಿಪಿ, ಲಿಪ್ಯಂತರ, ಮೂರೂ ಇರಲಿ. ಯಾವುದು ಕೈಗೆ ಬರುತ್ತೋ ಅದನ್ನ ಆರಿಸಿಕೊಂಡರಾಯಿತು. ಭಾಷೆ ಯಾವುದು, ಟೈಮ್ ಜೋನ್ ಯಾವುದು ಅಂತ ಕೇಳುವ ಪುಟ ಈಗಾಗಲೇ ಇದ್ದೇ ಇದೆಯಲ್ಲ, ಅದರ ಜೊತೆಗೆ ಇನ್ನೊಂದು ಪುಟ ಅಷ್ಟೇ.

ಅಕ್ಷರಶಃ:
ಆ ಪುಟ ಬಂದರೆ ನನ್ನ ಅಭ್ಯಂತರ ಇಲ್ಲ. ಆದರೆ ಶಾಲೆಗಳಲ್ಲಿ ಕಲಿಸೋದು ಇನ್‌ಸ್ಕ್ರಿಪ್ಟೇ ಆಗಬೇಕು ಅನ್ನೋದನ್ನ ಮಾತ್ರ ಬಿಡಲ್ಲ.

ಗದಗ_ಡಿಟಿಪಿ:
ನನ್ನ ಬೇಡಿಕಿ ಬ್ಯಾರೆ ಐತಿ, ಹೇಳ್ತೀನಿ. ನಮ್ಮಲ್ಲಿ ಲಗ್ನಪತ್ರಿಕಿ, ಜಾತ್ರಿ ಹ್ಯಾಂಡ್‌ಬಿಲ್, ಸಂಘದ ವರದಿ, ಎಲ್ಲಾ ಹಳೇ ನುಡಿ, ಬರಹ ಫಾಂಟಿನ್ಯಾಗ ಅದಾವ. ಎಲ್ಲಾ ಕಂಪ್ಯೂಟರಿಗೂ ಒಂದೇ ಆಗಿರೋ ಯೂನಿಕೋಡ್ ಸಂಕೇತ ಅಲ್ಲ. ಲಿನಕ್ಸಿನ್ಯಾಗ ತೆಗೆದ್ರ ತೆಲಿಮ್ಯಾಲೆ ಚುಕ್ಕಿ ಇರೋ ಯುರೋಪಿನ ಅಕ್ಷರ ಕಾಣ್ತಾವ. ಆನ್‌ಲೈನ್ ಪರಿವರ್ತಕ ಅದಾವ, ಇಲ್ಲ ಅನ್ನಂಗಿಲ್ಲ. ಆದ್ರ ಅಲ್ಲಿ ಕಾಪಿ ಪೇಸ್ಟ್ ಮಾಡಿದ್ರ ಫಾಂಟ್ ಯಾವ್ದು ಅನ್ನೂದು ಕಳದು ಹೋಗ್ತೈತಿ. ನಡುವ ಇಂಗ್ಲಿಷಿನ್ಯಾಗ ಇರೋ ಊರಿನ ಹೆಸರು, ಇಮೇಲ್ ವಿಳಾಸ ಎಲ್ಲಾ ಕನ್ನಡ ಆಗಿ ಕೆಟ್ಟು ಬರ್ತಾವ.

ಇನ್ನೊಂದು ಸೂಕ್ಷ್ಮ ಐತಿ. 'ಸೂರ್ಯ' ಅನ್ನೂದನ್ನ ಹಳೇ ಫಾಂಟಿನ್ಯಾಗ ಕಣ್ಣಿಗೆ ಕಂಡಂಗ ಬರೀತಿದ್ವಿ: ಸೂ, ಯ, ಆಮ್ಯಾಲೆ ಅರ್ಕಾವೊತ್ತು. ಯೂನಿಕೋಡಿನ್ಯಾಗ ಅರ್ಕಾವೊತ್ತಿನ 'ರ್' ಮೊದಲ ಬರಬೇಕು, ಆಮ್ಯಾಲೆ 'ಯ'. ಹಿಂಗಾಗಿ ಅಕ್ಷರಕ್ಕ ಅಕ್ಷರ ಬದಲಿ ಮಾಡಿದ್ರ ಸಾಲಂಗಿಲ್ಲ, ಅನುಕ್ರಮ ತಿರುಗಿಸಬೇಕು. ಫೈಲಿನ ಮ್ಯಾಲೆ ರೈಟ್ ಕ್ಲಿಕ್ ಮಾಡಿ 'ಯೂನಿಕೋಡಿಗೆ ಬದಲಿಸು' ಅಂದ್ರ, ಯಾವ ಸಾಲು ಯಾವ ಫಾಂಟಿನ್ಯಾಗ ಐತಿ ನೋಡಿ ಅಷ್ಟನ್ನೇ ಬದಲಿಸಬೇಕು. ಇದೊಂದು ಆದ್ರ ನಮ್ಮಂಥ ಅಂಗಡಿ ನಾಳೇನೇ ಲಿನಕ್ಸಿಗೆ ಬರ್ತಾವ. ಸ್ಕ್ರೈಬಸ್ 1.6 ಬಂದ ಮ್ಯಾಲೆ ಪುಟ ಕಟ್ಟೂದಕ್ಕ ಒತ್ತಕ್ಷರದ ತ್ರಾಸೂ ಹೋಗೈತಿ.

ಟರ್ಮಿನಲ್_ಬಳ್ಳಾರಿ:
ಅಣ್ಣಾ, ಇದು ಡೆಸ್ಕ್‌ಟಾಪ್ ಸೌಲಭ್ಯ ಅಲ್ಲ, ಲಿಬ್ರೆ ಆಫೀಸ್ ಎಕ್ಸ್‌ಟೆನ್ಷನ್ ಆಗಬೇಕಾದದ್ದು. ಒಳಗಿನ ಫಾಂಟ್ ಮಾಹಿತಿ ಓದೋದು ಅಲ್ಲೇ ಸುಲಭ.

ಗದಗ_ಡಿಟಿಪಿ:
ಯಾವ ಡಬ್ಬಿಯೊಳಗ ಬರ್ತೈತಿ ಅನ್ನೂದು ನನಗ ಮುಖ್ಯ ಅಲ್ಲ ತಮ್ಮಾ. ಫೈಲ್ ತೆಗೆದಾಗ ಓದಾಕ ಬರಬೇಕು.

ದನಿ:
ನಾನು ಕಣ್ಣು ಕಾಣದವಳು. ಪರದೆಯಲ್ಲಿರುವುದನ್ನು ಓದಿ ಹೇಳುವ ಓರ್ಕಾ ಸ್ಕ್ರೀನ್ ರೀಡರ್ ಮೇಲೆಯೇ ನನ್ನ ಎಲ್ಲ ಕೆಲಸ. ಕನ್ನಡ ಓದಲು ಇ-ಸ್ಪೀಕ್ ಎನ್‌ಜಿ ಇದೆ. ಧ್ವನಿ ಲೋಹದ ಹಾಗೆ ಕೇಳಿದರೂ ವೇಗ ಹೆಚ್ಚಿಸಿದರೆ ಅಕ್ಷರ ತಪ್ಪಲ್ಲ, ಅದಕ್ಕೆ ನಾನು ಕೃತಜ್ಞಳು. ನನಗೆ ಬೇಕಾದದ್ದು, ಒಂದೇ ಸಾಲಿನಲ್ಲಿ ಕನ್ನಡವೂ ಇಂಗ್ಲಿಷೂ ಬಂದಾಗ ಧ್ವನಿ ತಾನಾಗಿ ಬದಲಾಗಬೇಕು. ವೆಬ್ ಪುಟದಲ್ಲಿ ಬರೆದವರು ಇದು ಇಂಥ ಭಾಷೆ ಅಂತ ಗುರುತು ಹಾಕಿದ್ದರೆ ಅದನ್ನು ನೋಡಿ ಬದಲಾಯಿಸಬಹುದು. ನನಗೆ ಬರುವ ಮೇಲ್‌ಗಳಲ್ಲಿ, ಸುತ್ತೋಲೆಗಳಲ್ಲಿ ಯಾರೂ ಅಂಥ ಗುರುತು ಹಾಕಿರಲ್ಲ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 128 ಜಾಗಗಳ ಪ್ರತ್ಯೇಕ ವಲಯವೇ ಇದೆ. ಅಕ್ಷರ ಆ ವಲಯದ್ದಾದರೆ ಕನ್ನಡ ಧ್ವನಿ, ಇಲ್ಲವಾದರೆ ಇಂಗ್ಲಿಷ್. ದೇವನಾಗರಿಯಾದರೆ ಹಿಂದಿಯೋ ಮರಾಠಿಯೋ ಅನ್ನುವ ಗೊಂದಲ ಬರಬಹುದು, ನಮ್ಮ ಲಿಪಿಗೆ ಆ ತೊಡಕು ತೀರ ಕಡಿಮೆ.

ಇಲ್ಲಿ ಕೇಳಿ ಪ್ರಯೋಜನವಿಲ್ಲ ಅನ್ನುವವರಿಗೆ ಒಂದು ಮಾತು. ವೇಲ್ಯಾಂಡ್‌ನಲ್ಲಿ ಕ್ಯಾಪ್ಸ್‌ಲಾಕ್ ಅನ್ನು ಓರ್ಕಾಗೆ ಆಜ್ಞೆ ಕೊಡುವ ಕೀಲಿಯಾಗಿ ಬಳಸಲು ಆಗುತ್ತಿರಲಿಲ್ಲ, ಲ್ಯಾಪ್‌ಟಾಪ್‌ನಲ್ಲಿ ಕೆಲಸ ಮಾಡುವವರಿಗೆ ದೊಡ್ಡ ಹಿಂಸೆ ಅದು. ಬಳಸುವವರು ಬಿಡದೆ ಕೇಳಿದರು. 2025ರ ಮಾರ್ಚ್‌ನಲ್ಲಿ ಬಂದ ಗ್ನೋಮ್ 48ರಲ್ಲಿ ಸರಿಹೋಯಿತು.

ಪದಸರಣಿ:
ದನಿ ಮೇಡಂ ಹೇಳಿದ್ದು ಮೊದಲು ಆಗಬೇಕು ಅಂತ ನನ್ನ ಮತ. ನನ್ನದು ಅದರ ನಂತರ ಬರಲಿ: ಕೆಂಪು ಗೆರೆ ನಂಬುವ ಹಾಗಿರುವ ಕನ್ನಡ ಕಾಗುಣಿತ ತಪಾಸಣೆ. ಈಗ ಫೆಡೋರಾ ಅನ್ನುವ ಲಿನಕ್ಸ್‌ನಲ್ಲಿ, ಕಾಗುಣಿತ ನೋಡುವ ಹನ್‌ಸ್ಪೆಲ್‌ಗೆ ಕನ್ನಡ ಪದಪಟ್ಟಿ ಸಿಗುತ್ತೆ. ಆದರೆ 'ಮನೆ' ಗೊತ್ತಿದ್ದ ಮಾತ್ರಕ್ಕೆ 'ಮನೆಯಲ್ಲಿರುವವರಿಗೂ' ಗೊತ್ತಾಗಲ್ಲ. ಅದರೊಳಗೆ ಅಲ್ಲಿ, ಇರುವ, ಅವರು, ಇಗೆ, ಊ ಎಲ್ಲ ಸಂಧಿಯಾಗಿ ಕೂತಿವೆ. ಹನ್‌ಸ್ಪೆಲ್ ಎರಡು ಹಂತದ ಪ್ರತ್ಯಯ ಬಿಡಿಸಬಲ್ಲದು, ನಮಗೆ ಅಷ್ಟು ಸಾಲಲ್ಲ. ಹಾಗಾಗಿ ಸರಿಯಾಗಿ ಬರೆದ ಪುಟದ ತುಂಬ ಕೆಂಪು ಗೆರೆ. ಕೊನೆಗೆ ಎಲ್ಲರೂ ತಪಾಸಣೆಯನ್ನೇ ಆಫ್ ಮಾಡ್ತಾರೆ, ನಿಜವಾದ ತಪ್ಪುಗಳೂ ಹಾಗೇ ಉಳಿಯುತ್ತವೆ.

ಅಕ್ಷರಶಃ:
ಹನ್‌ಸ್ಪೆಲ್ ಹುಟ್ಟಿದ್ದೇ ಹಂಗೇರಿಯನ್ ಭಾಷೆಗಾಗಿ, ಅದೂ ಪ್ರತ್ಯಯದ ಮೇಲೆ ಪ್ರತ್ಯಯ ಸೇರುವ ಭಾಷೆ. ಅವರಿಗೆ ಆಗಿದ್ದು ನಮಗೆ ಯಾಕೆ ಆಗಲ್ಲ? ಮೊದಲು ಪ್ರತ್ಯಯದ ಕಡತವನ್ನು ಶ್ರದ್ಧೆಯಿಂದ ಬರೆಯಬೇಕು.

ಪದಸರಣಿ:
ಆಗುವಷ್ಟು ಅದರಲ್ಲೇ ಮಾಡೋಣ, ಒಪ್ಪಿದೆ. ಆದರೆ ಫಿನ್ನಿಶ್‌ನವರು ಹನ್‌ಸ್ಪೆಲ್‌ಗೆ ಕಾಯದೆ ವೊಯ್ಕೊ ಅಂತ ತಮ್ಮದೇ ವ್ಯಾಕರಣ ಯಂತ್ರ ಕಟ್ಟಿಕೊಂಡರು, ಪದದ ರಚನೆಯನ್ನೇ ಬಿಡಿಸಿ ನೋಡುತ್ತೆ ಅದು. ಎನ್‌ಚಾಂಟ್ ಅನ್ನುವ ನಡುವಿನ ಪದರ ಇದೆಯಲ್ಲ, ಅದು ಹನ್‌ಸ್ಪೆಲ್ಲನ್ನೂ ವೊಯ್ಕೊವನ್ನೂ ಒಂದೇ ಥರ ಆಪ್‌ಗಳಿಗೆ ಒದಗಿಸುತ್ತೆ. ಅಂದರೆ ಡೆಸ್ಕ್‌ಟಾಪ್ ಕಡೆ ಬಾಗಿಲು ತೆರೆದೇ ಇದೆ, ಕನ್ನಡದ ಯಂತ್ರ ಬರಬೇಕು. ವಿಶ್ವವಿದ್ಯಾಲಯಗಳಲ್ಲಿ ಕನ್ನಡ ಪದರಚನೆಯ ಮೇಲೆ ಕೆಲಸ ಮಾಡೋರು ತಮ್ಮ ಕೋಡನ್ನು ಮುಕ್ತ ಲೈಸೆನ್ಸ್‌ನಲ್ಲಿ ಕೊಟ್ಟರೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ.

ಯುಪಿಎಸ್_ಇಲ್ಲ:
ಎಲ್ಲರೂ ಕನ್ನಡದ್ದೇ ಹೇಳ್ತಿದ್ದೀರಿ. ನಮ್ಮೂರಿನಲ್ಲಿ ಮೊದಲ ಸಮಸ್ಯೆ ಕರೆಂಟು. ಹೋಗಿ ಬಂದ ಮೇಲೆ ತೆರೆದಿದ್ದ ಕಿಟಕಿಗಳೆಲ್ಲ ಇದ್ದಲ್ಲೇ ಇರಬೇಕು. ಪ್ಲಾಸ್ಮಾ 6 ಲಾಗೌಟ್ ಆಗುವಾಗ ತೆರೆದಿದ್ದ ಆಪ್‌ಗಳನ್ನ ಮತ್ತೆ ತೆರೆಯುತ್ತೆ, ಜಾಗ ಮಾತ್ರ ನೆನಪಿಡಲ್ಲ. ವೇಲ್ಯಾಂಡ್‌ನಲ್ಲಿ ಆಪ್‌ಗೆ ತಾನು ಪರದೆಯ ಯಾವ ಮೂಲೆಯಲ್ಲಿದ್ದೇನೆ ಅನ್ನೋದೇ ತಿಳಿಯಲ್ಲವಂತೆ, ಡೆಸ್ಕ್‌ಟಾಪೇ ನೆನಪಿಡಬೇಕು. ತೆರೆದಿದ್ದನ್ನೆಲ್ಲ ಡಿಸ್ಕಿಗೆ ಉಳಿಸಿ ಆಫ್ ಮಾಡೋದು, ಅಂದರೆ ಹೈಬರ್ನೇಟ್ ಮಾಡೋಣ ಅಂದರೆ ಉಬುಂಟು ಮೆನುವಿನಲ್ಲಿ ಅದು ಕಾಣಲ್ಲ, ಸೆಕ್ಯೂರ್ ಬೂಟ್ ಅನ್ನೋ ಭದ್ರತೆ ಆನ್ ಇದ್ದರೆ ಲಿನಕ್ಸ್‌ನ ತಿರುಳಾದ ಕರ್ನಲ್ಲೇ ತಡೆಯುತ್ತೆ.

ಟರ್ಮಿನಲ್_ಬಳ್ಳಾರಿ:
ಇದಕ್ಕೆ ನನ್ನದೂ ಒಂದು ಓಟು. ಆದರೆ ಇದನ್ನ ಜಗತ್ತೆಲ್ಲ ಕೇಳ್ತಿದೆ, ಇವತ್ತಲ್ಲ ನಾಳೆ ಬರುತ್ತೆ. ಕನ್ನಡದ್ದನ್ನ ನಾವು ಕೇಳದಿದ್ದರೆ ಬೇರೆ ಯಾರೂ ಕೇಳಲ್ಲ, ಅದಕ್ಕೇ ಚರ್ಚೆ ಆ ಕಡೆ ವಾಲಿರೋದು.

ಪದಸರಣಿ:
ಸಣ್ಣದೊಂದು, ಆದರೆ ದಿನಾ ಕಾಡೋದು: ಹುಡುಕಾಟ. 'ಬಸ್' ಅನ್ನೋದನ್ನ ಕೆಲವು ಕೀಲಿಮಣೆಗಳು, ಸುಮಾರು ಸುದ್ದಿತಾಣಗಳು ಕೊನೆಗೆ ಒಂದು ಕಾಣದ ಚಿಹ್ನೆ ಸೇರಿಸಿ ಬರೀತವೆ. ಮುಂದಿನ ಅಕ್ಷರ ಸ್‌ಗೆ ಒತ್ತಾಗದಂತೆ ತಡೆಯುವ ಚಿಹ್ನೆ ಅದು. 'ರಾಜ್‌ಕುಮಾರ್' ನಡುವೆ ಅದು ಬೇಕೇ ಬೇಕು, ಪದದ ಕೊನೆಯಲ್ಲಿ ಇದ್ದರೂ ಇಲ್ಲದಿದ್ದರೂ ಕಣ್ಣಿಗೆ ಒಂದೇ. ಕಂಪ್ಯೂಟರ್‌ಗೆ ಮಾತ್ರ ಎರಡೂ ಬೇರೆ ಬೇರೆ. ಚಿಹ್ನೆ ಸೇರಿಸಿ ಬರೆದ 'ಬಸ್‌' ಕೊಟ್ಟು ಗ್ರೆಪ್ ಅನ್ನುವ ಹುಡುಕುವ ಕಮಾಂಡ್ ಹಾಕಿದರೆ ಬರಿಯ 'ಬಸ್' ಇರುವ ಸಾಲುಗಳು ಬರಲ್ಲ. ಫೋಲ್ಡರ್‌ನಲ್ಲಿ 'ಬಸ್‌ ಪಾಸ್' ಅಂತ ಹುಡುಕಿದರೂ ಅದೇ ಪಾಡು. ಫೈಲ್ ಕಣ್ಣೆದುರಿಗಿದ್ದರೂ ಸಿಗಲ್ಲ. ಹುಡುಕುವಾಗ ಆ ಚಿಹ್ನೆಯನ್ನ ಲೆಕ್ಕಕ್ಕೆ ಹಿಡಿಯಬಾರದು, ಇಷ್ಟೇ ಬೇಕಾದದ್ದು. ಮಲಯಾಳಂ, ಬಂಗಾಳಿಯವರ ಜೊತೆ ಮಾತಾಡಿಕೊಂಡು ಮಾಡಬೇಕು, ಅವರ ಲಿಪಿಗಳಲ್ಲಿ ಇಂಥ ಚಿಹ್ನೆಗಳ ಕೆಲಸ ಬೇರೆ ಇರುತ್ತೆ.

ಟರ್ಮಿನಲ್_ಬಳ್ಳಾರಿ:
ಇದನ್ನ ನಾನು ಬಗ್ ಆಗಿ ಬರೀತೀನಿ. ಎರಡು ರೀತಿಯ ಹೆಸರಿನ ಫೈಲ್‌ಗಳು, ಹುಡುಕಿದ್ದು, ಸಿಕ್ಕಿದ್ದು, ಎಲ್ಲ ಸೇರಿಸಿ. ಕನ್ನಡ ಓದಲು ಬಾರದ ಡೆವಲಪರ್‌ಗೂ ಅರ್ಥವಾಗೋ ಹಾಗೆ ಪ್ರತಿ ಅಕ್ಷರದ ಯೂನಿಕೋಡ್ ಸಂಖ್ಯೆ (ಕೋಡ್‌ಪಾಯಿಂಟ್) ಸಮೇತ ಕೊಡಬೇಕು. ದನಿ ಮೇಡಂ, ನಿಮ್ಮ ಮಿಶ್ರ ಸಾಲುಗಳ ಮಾದರಿ ಒಂದಿಷ್ಟು ಕೊಡ್ತೀರಾ?

ದನಿ:
ಖಂಡಿತ. ಸುತ್ತೋಲೆಯಂಥವು, ಬ್ಯಾಂಕಿನ ಸಂದೇಶದಂಥವು, ಎರಡೂ ಬರೆದು ಕಳಿಸುತ್ತೇನೆ. ಅಂಕಿಗಳನ್ನು ಯಾವ ಭಾಷೆಯಲ್ಲಿ ಓದಬೇಕು ಅನ್ನುವುದನ್ನೂ ಕೇಳಿ, ಅದು ಬಳಸುವವರ ಆಯ್ಕೆಗೆ ಬಿಟ್ಟದ್ದಾಗಿರಬೇಕು.

ಗದಗ_ಡಿಟಿಪಿ:
ಪರಿವರ್ತಕದ ಕೆಲಸಕ್ಕ ಯಾರರ ಕೈ ಹಾಕೋರು ಇದ್ರ ಹೇಳ್ರಿ. ಗಿರಾಕಿ ಹೆಸರು, ಫೋನ್ ನಂಬರ್ ತೆಗೆದು ಹಳೇ ಫೈಲ್ ಒಂದಿಷ್ಟು ಕೊಡ್ತೀನಿ. ಅರ್ಕಾವೊತ್ತು ಜಾಸ್ತಿ ಇರೋವನ್ನೇ ಆರಿಸಿ ಕೊಡ್ತೀನಿ, 'ಕಾರ್ಯಕ್ರಮ', 'ಆಶೀರ್ವಾದ' ಎಲ್ಲಾ ಲಗ್ನಪತ್ರಿಕಿಯೊಳಗ ಬೇಕಾದಷ್ಟು ಅದಾವ.